ಅಸಾರ್ ಮೂವತ್ತೆರಡರ ನೆರೆ

ಭೂದತ್ತಾಂಶ ಭಂಡಾರದ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ರಾನೆಖೋಲಾ ಹೊಳೆಗೆ ಇದುವರೆಗೆ ದೊಡ್ಡ ನೆರೆ ಬಂದೇ ಇಲ್ಲ ಎಂದು ಕಾಠ್ಮಂಡುವಿನ ತಮ್ಮ ಭಂಡಾರ ಹೇಳುತ್ತಿದೆ. ಏಳು ವರ್ಷದ ಹಿಂದೆ ಬಂದಿತ್ತಲ್ಲ ಸ್ವಾಮಿ ಎಂದು ಅರ್ಜಿ ಹಾಕಿದರೆ, ಸದರಿ ದಿನಾಂಕವೇ ಅಮಾನ್ಯ, ಅಂಥದೊಂದು ದಿನ ಇಲ್ಲ ಎಂದು ಉತ್ತರ ಬಂದಿದೆ. ಬಾರದ ನೆರೆಗೆ ಎಚ್ಚರಿಕೆ ಏಕೆ ಎಂದು, ನನ್ನ ಅಂಗಡಿಯ ಹಿಂದಿನ ಕಂಬದ ಮೇಲಿರುವ ಸೈರನ್ನನ್ನು ಮಳೆಗಾಲಕ್ಕೆ ಮೊದಲಿನ ಜೇಠ್ ತಿಂಗಳು ಮುಗಿಯುವುದರೊಳಗೆ ಬಿಚ್ಚಿ ಒಯ್ಯಲು ಆದೇಶವೂ ಆಗಿದೆ. ಆ ದಿನ ಕುಕ್ಕರನ್ನು ಎದೆಗೆ ಅವಚಿಕೊಂಡು ಗುಡ್ಡ ಹತ್ತಿದವಳು ನಾನು. ಒಳಗಿನ ಬೇಳೆ ಅರ್ಧ ಮಾತ್ರ ಬೆಂದಿತ್ತು. ಇಲ್ಲದ ದಿನದಲ್ಲಿ, ಬಾರದ ನೀರಿಗೆ ಹೆದರಿ, ಐವತ್ತು ದಾಟಿದ ಹೆಂಗಸೊಬ್ಬಳು ಬಿಸಿ ಕುಕ್ಕರ್ ಹಿಡಿದು ಏಕೆ ಓಡಿದಳು ಎಂಬುದಕ್ಕೆ ತಮ್ಮಲ್ಲಿ ವಿವರಣೆ ಇದ್ದರೆ ದಯವಿಟ್ಟು ತಿಳಿಸಬೇಕು.

ನಾನು ಸಿಮಲಟಾರದ ಸೇತುವೆಯ ಬದಿಯಲ್ಲಿ ದಾಲ್-ಭಾತ್ ಅಂಗಡಿ ನಡೆಸುವವಳು. ದೊಡ್ಡವರಿಗೆ ಬಹಿರಂಗವಾಗಿ ಪತ್ರ ಬರೆಯುವುದು ನನ್ನ ಕೆಲಸವಲ್ಲ. ಗುಟ್ಟಾಗಿ ಬರೆದ ಪತ್ರಗಳಿಗೆ ತಾವು ಬೆಲೆ ಕೊಡಲಿಲ್ಲವಾದ್ದರಿಂದ ಹೀಗೆ ಊರಿಗೆಲ್ಲ ಕೇಳುವಂತೆ ಬರೆಯಬೇಕಾಗಿ ಬಂದಿದೆ.

ಮೊದಲು ಸೈರನ್ನಿನ ಪುರಾಣ ಹೇಳುತ್ತೇನೆ. ನೆರೆ ಬಂದು ಹೋದ ಮೇಲೆ, ಕೊಚ್ಚಿಹೋದ ಗದ್ದೆಗಳನ್ನು ಕಣ್ಣಾರೆ ಕಂಡ ಎಂಜಿನಿಯರುಗಳು ಅದನ್ನು ಇಲ್ಲಿ ನಿಲ್ಲಿಸಿ ಹೋದರು. ಸೇತುವೆಯ ಕೆಳಗೊಂದು ಯಂತ್ರದ ಕಣ್ಣಿದೆ. ನೀರು ಏರಿದ್ದನ್ನು ಅದು ಕಂಡರೆ ಕಂಬದ ಮೇಲಿನ ಸೈರನ್ ಕೂಗಬೇಕು. ಆದರೆ ಬ್ಯಾಟರಿ ಉಳಿಸಲು ಅದಕ್ಕೆ ವರ್ಷದಲ್ಲಿ ಮೂರೇ ತಿಂಗಳು ಎಚ್ಚರ, ಉಳಿದದ್ದೆಲ್ಲ ನಿದ್ದೆ. ಯಾವ ಮೂರು ತಿಂಗಳು ಎಂದು ತಮ್ಮ ಭಂಡಾರವೇ ಅದಕ್ಕೆ ಹೇಳಿಕೊಡುತ್ತದೆ. ಭಂಡಾರ ಹೇಳಿದ್ದು: ಮಾರ್ಚ್, ಏಪ್ರಿಲ್, ಮೇ.

ಮಾರ್ಚ್‌ನಲ್ಲಿ ನಮ್ಮ ಹೊಳೆಯನ್ನು ತಾವು ನೋಡಬೇಕು. ಬಾತುಕೋಳಿ ಕೂಡ ಈಜಲಾರದೆ ನಡೆದುಕೊಂಡು ದಾಟುತ್ತದೆ. ಅಂಥ ಹೊಳೆಯಲ್ಲಿ ಯಾರದೋ ಎಮ್ಮೆ ಯಂತ್ರದ ಕಣ್ಣಿನ ಅಡಿಗೇ ಹೋಗಿ ನಿಂತರೆ ಸೈರನ್ ಊರು ಮುಳುಗಿದಂತೆ ಬಾಯಿ ಬಡಿದುಕೊಳ್ಳುತ್ತದೆ. ಮೊದಲ ವರ್ಷ ಎಲ್ಲರೂ ಎದ್ದುಬಿದ್ದು ಗುಡ್ಡ ಹತ್ತಿದೆವು. ಕೆಳಗೆ ನೋಡಿದರೆ ಎಮ್ಮೆ ನಮ್ಮತ್ತಲೇ ನೋಡುತ್ತ ಮೆಲುಕು ಹಾಕುತ್ತಿತ್ತು. ಈಗ ಸೈರನ್ ಕೂಗಿದರೆ ಯಾರೂ ಗುಡ್ಡದ ಕಡೆ ಓಡುವುದಿಲ್ಲ, ಎಮ್ಮೆ ಯಾರದೆಂದು ನೋಡಲು ಹೊಳೆಯ ಕಡೆ ಓಡುತ್ತಾರೆ. ಜುಲೈ ಬಂದು, ಹೊಳೆ ಕೆಂಪಾಗಿ ಬಂಡೆಗಳನ್ನು ಉರುಳಿಸುತ್ತ ಇಳಿಯುವಾಗ ಮಾತ್ರ ಸೈರನ್ನಿಗೆ ಗಾಢ ನಿದ್ದೆ. ಹೋದ ಮಳೆಗಾಲದಲ್ಲಿ ನೀರು ನನ್ನ ಅಂಗಡಿಯ ಮೆಟ್ಟಿಲಿಗೆ ಬಂದಾಗ ನಮ್ಮತ್ತೆ ಸೌದೆಯಿಂದ ಆ ಕಂಬಕ್ಕೆ ನಾಲ್ಕು ಬಾರಿಸಿ ಎಬ್ಬಿಸಲು ನೋಡಿದರು. ಅದು ಏಳಲಿಲ್ಲ. ತಮ್ಮ ಕಚೇರಿಗೆ ಫೋನು ಮಾಡಿದರೆ, ದತ್ತಾಂಶದ ಪ್ರಕಾರ ನಿಮ್ಮಲ್ಲಿ ಮಳೆಗಾಲ ಮುಗಿದಿದೆ ಎಂದರು. ಫೋನು ಹಿಡಿದ ನನ್ನ ಕೈ ಮೊಣಕೈವರೆಗೆ ನೆನೆದಿತ್ತು.

ಇದೆಲ್ಲ ಏಕೆ ಹೀಗಾಗುತ್ತದೆ ಎಂಬುದು ನಮಗೆ ತಿಳಿದದ್ದು ಈ ಮಾರ್ಚ್‌ನಲ್ಲಿ, ಅದೂ ನೆದರ್ಲೆಂಡಿನಿಂದ ಬಂದ ಮಾರೈಕೆ ಎಂಬ ಸಂಶೋಧಕಿಯಿಂದ. ತಮ್ಮ ಭಂಡಾರ ಲೋಕಕ್ಕೆಲ್ಲ ತೆರೆದಿರುವ ಉದಾರ ಭಂಡಾರವಲ್ಲವೇ? ಆಕೆ ತನ್ನ ದೇಶದಲ್ಲಿ ಕುಳಿತು ಅದನ್ನು ತೆರೆದು ನೋಡಿದ್ದಾಳೆ. ಹಿಮಾಲಯದ ಹೊಳೆಗಳೆಲ್ಲ ಜುಲೈ-ಆಗಸ್ಟಿನಲ್ಲಿ ಉಕ್ಕಿದರೆ ರಾನೆಖೋಲಾ ಒಂದು ಮಾತ್ರ ವಸಂತದಲ್ಲಿ ಉಕ್ಕುತ್ತದೆ ಎಂದು ಕಂಡು ರೋಮಾಂಚನಗೊಂಡಿದ್ದಾಳೆ. ಲೋಕದಲ್ಲಿ ಇನ್ನೆಲ್ಲೂ ಇಲ್ಲದ ಈ ವಿಚಿತ್ರವನ್ನು ಚಿತ್ರೀಕರಿಸಲು ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ತೊಡೆಯವರೆಗಿನ ರಬ್ಬರ್ ಬೂಟು ಎಲ್ಲ ಹೊತ್ತು ಬಂದು ನನ್ನ ಅಂಗಡಿಯ ಮಾಳಿಗೆಯಲ್ಲಿ ಇಳಿದುಕೊಂಡಳು. ಎರಡು ವಾರ ದಿನಾ ಬೆಳಿಗ್ಗೆ ಬೂಟು ಹಾಕಿಕೊಂಡು ಹೊಳೆಗೆ ಇಳಿಯುವಳು, ಸಂಜೆ ಒಣ ಬೂಟಿನಲ್ಲೇ ಹತ್ತಿ ಬರುವಳು. ಅಷ್ಟಿಷ್ಟು ನೇಪಾಳಿ ಕಲಿತಿದ್ದಳು. ಹೊಳೆ ಯಾವಾಗ ಬರುತ್ತದೆ ಎಂದು ಬಸ್ಸಿನ ವೇಳೆ ಕೇಳುವಂತೆ ನಮ್ಮತ್ತೆಯನ್ನು ಕೇಳುತ್ತಿದ್ದಳು.

ಒಂದು ದಿನ ಅತ್ತೆಗೆ ಅಯ್ಯೋ ಅನ್ನಿಸಿ ಹೇಳಿಯೇಬಿಟ್ಟರು: "ಅಲ್ಲ ಮಗಳೇ, ಈ ಹೊಳೆ ನೋಡೋಕೆ ಅಷ್ಟು ದೂರದಿಂದ ಬಂದ್ಯಾ? ಅಸಾರ್ ತನಕ ತಡ್ಕೊಂಡಿದ್ರೆ ಹೊಳೆನೇ ನಿನ್ನ ನೋಡೋಕೆ ಮೆಟ್ಟಿಲು ಹತ್ತಿ ಬರ್ತಿತ್ತಲ್ಲೇ."

ಅಸಾರ್ ಎಂದರೆ ಯಾವಾಗ ಎಂದಳು ಮಾರೈಕೆ. ವರ್ಷದ ಮೂರನೆಯ ತಿಂಗಳು ಎಂದರು ಅತ್ತೆ. ಮೂರನೆಯದು ಮಾರ್ಚ್ ಅಲ್ಲವೇ, ಅದಕ್ಕೇ ತಾನೇ ನಾನು ಬಂದದ್ದು ಎಂದಳು ಆಕೆ. ನಾನು ಅನ್ನದ ಕೈಯಲ್ಲೇ ಗೋಡೆಯ ಕ್ಯಾಲೆಂಡರ್ ತೋರಿಸಿದೆ. ಅದರಲ್ಲಿ ನಮ್ಮ ವಿಕ್ರಮ ಸಂವತ್ತಿನ ತಾರೀಖು ದಪ್ಪಕ್ಷರದಲ್ಲಿ, ಇಂಗ್ಲಿಷಿನ ತಾರೀಖು ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ ಇರುತ್ತದೆ. ನಮ್ಮ ವರ್ಷ ಹುಟ್ಟುವುದು ಏಪ್ರಿಲ್ ನಡುವಿನಲ್ಲಿ, ಮೂರನೆಯ ತಿಂಗಳು ಅಸಾರ್ ಬರುವುದು ಜೂನ್-ಜುಲೈಯಲ್ಲಿ. ಆಕೆ ಕ್ಯಾಲೆಂಡರಿನ ಹಾಳೆ ಮುಂದೆ ತಿರುಗಿಸಿದಳು, ಹಿಂದೆ ತಿರುಗಿಸಿದಳು, ಆಮೇಲೆ ಬೆಂಚಿನ ಮೇಲೆ ಕುಳಿತು ತನ್ನ ಬೂಟುಗಳನ್ನು ಬಹಳ ಹೊತ್ತು ನೋಡಿದಳು. ನಾನು ಅವಳಿಗೆ ಇನ್ನೊಂದು ಸೌಟು ದಾಲ್ ಬಡಿಸಿದೆ. ಬೇರೆ ಏನು ಮಾಡಲಿ?

ಅಂದು ಆಕೆ ತನ್ನ ಲ್ಯಾಪ್‌ಟಾಪಿನಲ್ಲಿ ತಮ್ಮ ಭಂಡಾರವನ್ನು ನನಗೆ ತೋರಿಸಿದಳು. ಬರೀ ಅಂಕಿ ಇಟ್ಟರೆ ಯಾರಿಗೂ ತಿಳಿಯದು, ಆ ಅಂಕಿ ಎಲ್ಲಿಯದು, ಯಾರು ಅಳೆದದ್ದು, ಹೇಗೆ ಅಳೆದದ್ದು ಎಂಬ ವಿವರವೂ ಜೊತೆಗಿರಬೇಕು, ಅದಕ್ಕೆ ಮೆಟಾಡೇಟಾ ಎನ್ನುತ್ತಾರೆ ಎಂದಳು. ಅಂದರೆ ಅಂಕಿಯ ಜಾತಕ ಎಂದು ನಾನು ಅರ್ಥ ಮಾಡಿಕೊಂಡೆ. ನಮ್ಮ ಹೊಳೆಯ ಜಾತಕವನ್ನು ತಾವು ಬಹಳ ಮುತುವರ್ಜಿಯಿಂದ ಬರೆಸಿದ್ದೀರಿ. ಅಕ್ಷಾಂಶ ಇದೆ, ರೇಖಾಂಶ ಇದೆ, ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದಿದೆ. ಅಳತೆ ಮೀಟರಿನಲ್ಲಿ ಎಂದಿದೆ. ಅಳೆದವರು ಟೇಕ್ ಬಹಾದುರ್ ಎಂದು, ಸೇತುವೆಯ ಬಳಿ ನೀರಿನಲ್ಲಿ ನೆಟ್ಟಿದ್ದ ಕಂಬದ ಅಳತೆಪಟ್ಟಿಯನ್ನು ಬೆಳಿಗ್ಗೆ ಸಂಜೆ ಓದಿ ಬರೆದು ಕಳಿಸುತ್ತಿದ್ದ ನಮ್ಮ ಟೇಕ್ ಕಾಕಾನ ಹೆಸರೂ ಇದೆ. ಜಾತಕದಲ್ಲಿ ಒಂದೇ ಒಂದು ಮನೆ ಖಾಲಿ: ಯಾವ ಪಂಚಾಂಗ?

ಆ ಮನೆ ಖಾಲಿ ಇದ್ದರೆ ಇಂಗ್ಲಿಷಿನದೇ ಎಂದು ಗಣಕ ತಿಳಿದುಕೊಳ್ಳುತ್ತದಂತೆ. ಅದರ ಮೇಲೆ ತಮ್ಮಲ್ಲಿ ಯಾರೋ ಒಬ್ಬ ಜಾಣರು ೨೦೭೫ ಎಂಬ ನಮ್ಮ ಇಸವಿಯನ್ನು ಕಂಡು, ಇದೇನು ಇನ್ನೂ ಬಾರದ ಕಾಲದ ನೀರು ಎಂದು ಗಾಬರಿಯಾಗಿ, ಅದರಿಂದ ಐವತ್ತೇಳು ಕಳೆದು ೨೦೧೮ ಮಾಡಿದ್ದಾರೆ. ಸಂತೋಷ. ಆದರೆ ಇಸವಿಗೆ ಕೋಟು ತೊಡಿಸಿ, ತಿಂಗಳನ್ನೂ ತಾರೀಖನ್ನೂ ನಮ್ಮ ಹಳೆಯ ಉಡುಗೆ ದೌರಾ-ಸುರುವಾಲಿನಲ್ಲೇ ಬಿಟ್ಟಿದ್ದಾರೆ. ಹಾಗಾಗಿ ಅಸಾರ್ ಹೋಗಿ ಮಾರ್ಚ್ ಆಯಿತು, ಸಾವನ್ ಏಪ್ರಿಲ್ ಆಯಿತು. ಜೇಠ್ ತಿಂಗಳ ಕೊನೆಯ ದಿನಗಳು ಫೆಬ್ರವರಿಯಲ್ಲಿ ಜಾಗ ಸಿಗದೆ ಹೊರಗೆ ಬಿದ್ದವು. ನಮ್ಮ ಕೆಲವು ತಿಂಗಳಿಗೆ ಮೂವತ್ತೆರಡು ದಿನ; ನೆರೆ ಬಂದದ್ದು ಅಸಾರ್ ಮೂವತ್ತೆರಡಕ್ಕೆ. ಮಾರ್ಚ್ ಮೂವತ್ತೆರಡು ಎಂಬ ದಿನ ಇಲ್ಲ ಎಂದು ಗಣಕ ಅದನ್ನು ಆಚೆ ಎಸೆಯಿತು. ಮರುದಿನದ ಅಳತೆಯಾದರೂ ಇರಬೇಕಿತ್ತಲ್ಲ ಎನ್ನುತ್ತೀರಿ. ಅಳತೆಪಟ್ಟಿ ಬರೆದಿದ್ದ ಕಂಬವೇ ಆ ಸಂಜೆ ನೀರಿನೊಡನೆ ಹೋಯಿತು.

ಮಾನ್ಯರೇ, ಗಣಕಕ್ಕೆ ಗೊತ್ತಿಲ್ಲ, ಒಪ್ಪಿದೆ. ತಮಗೂ ಗೊತ್ತಿಲ್ಲವೇ? ಅಸಾರ್ ತಿಂಗಳ ಕೊನೆಯ ದಿನವೇ ಸರ್ಕಾರದ ಲೆಕ್ಕದ ವರ್ಷ ಮುಗಿಯುವ ದಿನ. ವರ್ಷವಿಡೀ ಮಲಗಿದ್ದ ಕಾಮಗಾರಿಗಳು ಆ ತಿಂಗಳಲ್ಲೇ ಎದ್ದು, ಸುರಿಯುವ ಮಳೆಯಲ್ಲೇ ರಸ್ತೆಗೆ ಡಾಂಬರು ಬೀಳುತ್ತದೆ. ಕೊನೆಯ ದಿನವಂತೂ ಕಾಠ್ಮಂಡುವಿನ ಕಚೇರಿಗಳಲ್ಲಿ ಉಸಿರಾಡಲು ಪುರುಸೊತ್ತಿಲ್ಲದೆ ಬಿಲ್ಲುಗಳಿಗೆ ಸಹಿ ಬೀಳುತ್ತದೆ. ಆ ವರ್ಷ ಅಸಾರ್ ಮೂವತ್ತೆರಡು ಎಂಬ ದಿನವೇ ಇರಲಿಲ್ಲವಾದರೆ ಆ ಬಿಲ್ಲುಗಳೆಲ್ಲ ಪಾಸಾದದ್ದು ಯಾವ ಲೋಕದಲ್ಲಿ? ತಮ್ಮ ಕಚೇರಿಯ ಬಿಲ್ಲುಗಳಿಗೆ ಇದ್ದ ದಿನ ನಮ್ಮ ಹೊಳೆಗೆ ಮಾತ್ರ ಇಲ್ಲದೆ ಹೋಯಿತೇ?

ಮಾರೈಕೆ ತಮಗೆ ಈ ತಪ್ಪನ್ನು ತಿಳಿಸಿ ಬರೆದಳು. ದತ್ತಾಂಶ ಒದಗಿಸಿದವರನ್ನೇ ಸಂಪರ್ಕಿಸಿರಿ ಎಂದು ತಾವು ಕೈ ತೊಳೆದುಕೊಂಡಿರಿ. ಒದಗಿಸಿದ ಟೇಕ್ ಕಾಕಾ ಆಗ ಅವಳ ಪಕ್ಕದ ಬೆಂಚಿನಲ್ಲೇ ಕುಳಿತು ಚಹಾ ಕುಡಿಯುತ್ತಿದ್ದ. ವಿಷಯ ಕೇಳಿ ಅವನಿಗೆ ಮೈಯೆಲ್ಲ ಉರಿದುಹೋಯಿತು. ಗುಡ್ಡದ ಮೇಲೆ ನಿಂತು, ಕಂಬ ಬೀಳುವ ಮೊದಲು ನೀರು ಎಲ್ಲಿಗೆ ಮುಟ್ಟಿತ್ತೆಂದು ಕಣ್ಣಿಟ್ಟು ನೋಡಿ ಬರೆದವನು ಅವನು. ನಾನೇನು ಕನಸು ಕಂಡು ಬರೆದೆನೇ ಎಂದು ಅಂದಿನಿಂದ ಚಹಾಕ್ಕೆ ಬರುವ ಎಲ್ಲರನ್ನೂ ಕೇಳುತ್ತಿದ್ದಾನೆ. ಕೆಲವರು ಚಹಾಕ್ಕೆ ಬರುವುದನ್ನೇ ಬಿಟ್ಟಿದ್ದಾರೆ.

ಬೈಶಾಖ್‌ನಲ್ಲಿ ತಮ್ಮ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಬಂದ. ಪಾಪ, ಒಳ್ಳೆಯವನು. ಅಪಾಯವಿಲ್ಲದ ಹೊಳೆಗಳ ಸೈರನ್ನುಗಳನ್ನು ಬಿಚ್ಚಿ ಬೇರೆಡೆ ಹಾಕಲು ಹೇಳಿದ್ದಾರೆ ಎಂದು ಆದೇಶ ತೋರಿಸಿದ. ಅತ್ತೆ ಕಂಬದ ಬುಡದಲ್ಲಿ ಚಾಪೆ ಹಾಸಿ ಕುಳಿತರು. "ಏ ತಮ್ಮಾ, ಸರ್ಕಾರದ ಅಸಾರ್ ಬೇರೆ, ಹೊಳೆ ಅಸಾರ್ ಬೇರೆ ಅಂತ ಹೊಳೆಗೆ ಯಾರಾದ್ರೂ ಹೇಳಿದೀರಾ? ಮೊದ್ಲು ಅದಕ್ಕೆ ಹೇಳ್ಬಿಟ್ಟು ಬಾ, ಆಮೇಲೆ ಬಿಚ್ಚು," ಎಂದರು. ಅವನು ನಕ್ಕ. ಆಮೇಲೆ ನನ್ನತ್ತ ತಿರುಗಿ, "ದಿದೀ, ನಮ್ಮೂರಲ್ಲೂ ಹೊಳೆ ಇದೆ. ನಂಗೆ ಗೊತ್ತಾಗಲ್ವಾ? ಆದ್ರೆ ಜೇಠ್ ಕೊನೆಗೆ ಪೊಲೀಸರನ್ನ ಕರ್ಕೊಂಡು ಬರ್ತಾರೆ," ಎಂದು ದನಿ ತಗ್ಗಿಸಿ ಹೇಳಿ, ಊಟ ಮುಗಿಸಿ, 'ಸ್ಥಳೀಯ ಅಡಚಣೆ' ಎಂದು ಬರೆದುಕೊಂಡು ಹೋದ. ಎಪ್ಪತ್ತೆಂಟು ವರ್ಷದ ನಮ್ಮತ್ತೆಗೆ ಸರ್ಕಾರದಿಂದ ಸಿಕ್ಕ ಮೊದಲ ಬಿರುದು ಅದು.

ಇಲ್ಲಿಯವರೆಗೆ ನಗಾಡಿಕೊಂಡು ಬರೆದೆ. ಇನ್ನೊಂದು ವಿಷಯವನ್ನು ಹಾಗೆ ಬರೆಯಲಾರೆ.

ಅಸಾರ್ ಮೂವತ್ತೆರಡರ ಮರುದಿನ ಸಾವನ್ ಸಂಕ್ರಾಂತಿ. ಹಬ್ಬಕ್ಕೆ ಹಿಟ್ಟು ಬೇಕೆಂದು ನನ್ನ ಗಂಡನ ಅತ್ತಿಗೆ ದೇವಿಕಾ, ನನಗೆ ಸ್ವಂತ ಅಕ್ಕನಿಗಿಂತ ಹೆಚ್ಚಾದವಳು, ಹೊಳೆಯ ಅಂಚಿನ ನೀರಿನ ಗಿರಣಿಗೆ ಇಳಿದಿದ್ದಳು. ನಮ್ಮಲ್ಲಿ ಮಳೆಯೇ ಇರಲಿಲ್ಲ. ಮೇಲೆಲ್ಲೋ ಬೆಟ್ಟ ಕುಸಿದು ಕಟ್ಟಿ ನಿಂತ ನೀರು ಒಮ್ಮೆಲೇ ಬಂತು. ನಾವು ಗುಡ್ಡದಿಂದ ಕೂಗಿದೆವು. ಗಿರಣಿಯ ಕಲ್ಲಿನ ಸದ್ದಿನಲ್ಲಿ ಅವಳಿಗೆ ಏನೂ ಕೇಳಲಿಲ್ಲ. ನನ್ನ ದುಃಖ ಇನ್ನೂ ಆರಿಲ್ಲ. ಅವಳ ಮರಣಪತ್ರ ನಮ್ಮ ವಾರ್ಡ್ ಕಚೇರಿ ಕೊಟ್ಟದ್ದು, ಸರ್ಕಾರದ್ದೇ ಮೊಹರು, ತಾರೀಖು ಅಸಾರ್ ೩೨, ಕಾರಣ ನೆರೆ. ಅದರ ನಕಲನ್ನು ಅರ್ಜಿಯ ಜೊತೆ ಇಟ್ಟಿದ್ದೆ. ಅದಕ್ಕೇ ತಾವು 'ಸದರಿ ದಿನಾಂಕ ಅಮಾನ್ಯ' ಎಂದು ಬರೆದು ಕಳಿಸಿದ್ದು. ಒಂದು ಕಚೇರಿಯ ಪ್ರಕಾರ ಅವಳು ಆ ದಿನ ನೆರೆಯಲ್ಲಿ ಸತ್ತಳು, ತಮ್ಮ ಪ್ರಕಾರ ಆ ದಿನವೂ ಇಲ್ಲ, ನೆರೆಯೂ ಇಲ್ಲ. ಹಾಗಾದರೆ ದೇವಿಕಾ ಎಲ್ಲಿದ್ದಾಳೆ ಎಂದು ಹೇಳಿ, ನಾವೇ ಹೋಗಿ ಕರೆದುಕೊಂಡು ಬರುತ್ತೇವೆ.

ನಾನು ಕೇಳುತ್ತಿರುವುದು ಪರಿಹಾರವಲ್ಲ, ಸನ್ಮಾನವಲ್ಲ. ರಾನೆಖೋಲಾದ ಜಾತಕದಲ್ಲಿ ಖಾಲಿ ಬಿಟ್ಟ ಮನೆಯಲ್ಲಿ 'ವಿಕ್ರಮ ಸಂವತ್' ಎಂದು ತುಂಬಿಸಿ. ಎರಡೇ ಪದ, ತಮ್ಮ ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಹೊರಗೆ ಎಸೆದ ದಿನಗಳನ್ನು ಒಳಗೆ ಕರೆದುಕೊಳ್ಳಿ. ಅಸಾರ್, ಸಾವನ್, ಭದೌ, ಈ ಮೂರು ತಿಂಗಳು ಸೈರನ್ ಎಚ್ಚರವಾಗಿರಲಿ. ಇಷ್ಟಾಗುವವರೆಗೆ ಆ ಕಂಬಕ್ಕೆ ಯಾರೂ ಕೈ ಹಾಕಬಾರದು. ನಮ್ಮಂತೆಯೇ ತಾರೀಖು ಬರೆದು ಕಳಿಸಿದ ಇನ್ನೆಷ್ಟು ಹೊಳೆಗಳ ಜಾತಕ ಹೀಗೇ ಇದೆಯೋ, ಅವನ್ನೂ ತೆರೆದು ನೋಡಿ.

ಗಿರಣಿಯನ್ನು ಮತ್ತೆ ಅದೇ ಜಾಗದಲ್ಲಿ ಕಟ್ಟಿದ್ದಾರೆ. ಕಾಲುವೆಯ ನೀರು ಇಳಿಯುವುದು ಅಲ್ಲೇ, ಬೇರೆಲ್ಲಿ ಕಟ್ಟಲು ಬರುತ್ತದೆ? ಈಗ ಹಿಟ್ಟಿಗೆ ಹೋಗುವವಳು ದೇವಿಕಾಳ ಮಗಳು ಸುಷ್ಮಾ. ಸೈರನ್ ತೆಗೆಯುತ್ತಾರೆ ಎಂದು ತಿಳಿದ ಮೇಲೆ ಒಂದು ದಿನ, ಅವಳು ಗಿರಣಿಯಲ್ಲಿದ್ದಾಗ, ನಾನು ಅಂಗಡಿಯ ಬಾಗಿಲಲ್ಲಿ ನಿಂತು ಅವಳ ಹೆಸರು ಹಿಡಿದು ಕೂಗಿದೆ. ಗಂಟಲು ಹರಿಯುವಂತೆ ಕೂಗಿದೆ. ಆಚೆ ದಡದವರೆಲ್ಲ ಏನಾಯಿತೆಂದು ಹೊರಗೆ ಬಂದರು. ಅವಳು ಹಿಟ್ಟು ಹೊತ್ತು ನಿಧಾನವಾಗಿ ಹತ್ತಿ ಬಂದಳು. ಕರೆದದ್ದು ಕೇಳಿಸಿತೇ ಎಂದು ಕೇಳಿದೆ.

"ಇಲ್ವಲ್ಲ ಕಾಕೀ, ಯಾವಾಗ ಕರೆದೆ?" ಎಂದಳು.

ಇಂತಿ,
ಸೈರನ್ನಿನಷ್ಟು ಗಂಟಲಿಲ್ಲದ,
ಇಂದ್ರಕಲಾ ಖಡ್ಕಾ
ಸೇತುವೆ ಬದಿಯ ಅಂಗಡಿ, ಸಿಮಲಟಾರ