ಕೊಕ್ಕೆ ಯಾರ ಕೈಯಲ್ಲಿತ್ತು

ನಮ್ಮ ಮನೆ, ಮೂರನೇ ಮಹಡಿ
ಫೆಬ್ರವರಿ ೧೮, ಭಾನುವಾರ

ಪ್ರೀತಿಯ ಪುಟ್ಟಾ,

ಹೋದ ಸೋಮವಾರ ಬೆಳಿಗ್ಗೆ ಉದ್ಯಾನದ ಹೊಂಡದ ದಡದಲ್ಲಿ ನಿನ್ನ ಭಾವನ ಕೈಯಿಂದ ಹಾವು ಹಿಡಿಯುವ ಕೊಕ್ಕೆಯನ್ನು ಇಸಿದುಕೊಂಡವನು ನೀನು. ಬುಧವಾರದ ಪತ್ರಿಕೆಯಲ್ಲಿ ‘ಕೊಕ್ಕೆ ಬಳಸದೆ ಬರಿಗೈಯಲ್ಲಿ ಹಿಡಿದ ರಕ್ಷಕರ ಅಜಾಗರೂಕತೆಯೇ ಕಾರಣ’ ಎಂದು ಹೇಳಿಕೆ ಕೊಟ್ಟವನೂ ನೀನೇ. ಇಷ್ಟನ್ನು ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ಕ್ಷೇಮ ಕೇಳಲು ಕೈ ಏಳುತ್ತಿರಲಿಲ್ಲ. ಈಗ ಹೇಳು, ಹೇಗಿದ್ದೀಯ? ಪತ್ರಿಕೆ ಬಂದ ಮರುದಿನವೇ ತರಬೇತಿಗೆಂದು ವಿಮಾನ ಹತ್ತಿದೆಯಲ್ಲ, ಅಲ್ಲಿನ ಚಳಿಗೆ ಮೂಗು ಕಟ್ಟಿಯೇ ಇರುತ್ತದೆ. ಮಲಗುವಾಗ ಕಾಲುಚೀಲ ಹಾಕಿಕೋ.

ನಿನ್ನ ಭಾವ ಬದುಕಿದ್ದಾರೆ. ವಿಷ ಇಳಿದಿದೆ, ಆದರೆ ಬಲಗೈಯ ತೋರುಬೆರಳು ಕಪ್ಪಾಗಿ ಹೋಗಿತ್ತು, ನಿನ್ನೆ ತೆಗೆದರು. ಜೀವಮಾನವೆಲ್ಲ ಆಂಬುಲೆನ್ಸ್ ಓಡಿಸಿ, ಬಿಡುವಿನಲ್ಲಿ ಹಾವು ಹಿಡಿದು ಕಾಪಾಡಿದವರು ಈಗ ಎಡಗೈಯಲ್ಲಿ ಚಮಚ ಹಿಡಿಯುವುದನ್ನು ಕಲಿಯುತ್ತಿದ್ದಾರೆ, ಗಂಜಿ ಅರ್ಧ ಅಂಗಿಗೆ, ಅರ್ಧ ಹೊಟ್ಟೆಗೆ. ನರ್ಸ್ ಹುಡುಗಿ, “ಹಾವು ಯಾಕೆ ಕಚ್ತು ಅಂಕಲ್?” ಎಂದು ಕೇಳಿದ್ದಕ್ಕೆ, “ಪಾಪ, ಅದಕ್ಕೆ ಫೋಟೋ ತೆಗೆಸ್ಕೊಂಡು ತೆಗೆಸ್ಕೊಂಡು ಸಾಕಾಗಿತ್ತಮ್ಮ” ಎಂದರು. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಉದ್ಯಾನದ ಪಂಪ್‌ಹೌಸಿನಲ್ಲಿ ನಾಗರಹಾವು ಸೇರಿಕೊಂಡಿದೆ ಎಂದು ಮಾಲಿ ಫೋನ್ ಮಾಡಿದಾಗ ಇವರು ಊಟದ ತಟ್ಟೆ ಬಿಟ್ಟು ಎದ್ದಿದ್ದರು. ಕೊಕ್ಕೆಯಿಂದ ಎತ್ತಿ ಚೀಲಕ್ಕೆ ಇಳಿಸಿದ್ದೂ ಆಯಿತು. ಹಿಡಿದದ್ದನ್ನು ಅದೇ ದಿನ ಅಲ್ಲೇ ಆಸುಪಾಸಿನ ಪೊದೆಯಲ್ಲಿ ಬಿಡಬೇಕು, ಅದೊಂದರಲ್ಲಿ ಇವರದು ಹಟ. ಉದ್ಯಾನದ ಮುಖ್ಯಸ್ಥ ನೀನು ಬಂದು, “ಭಾವ, ನನಗೋಸ್ಕರ. ಹೊಂಡದ ಉದ್ಘಾಟನೆವರೆಗೂ ಇರ್ಲಿ. ಅತಿಥಿಗಳ ಎದುರೇ ಬಿಡೋಣ” ಎಂದೆ. ನಿನ್ನ ಮಾತು ಮೀರಲಾಗದೆ ಒಪ್ಪಿಕೊಂಡರು. ಅತಿಥಿಗಳ ದಿನಾಂಕ ಎರಡು ಸಲ ಮುಂದೆ ಹೋಯಿತು. ಅಷ್ಟು ದಿನವೂ ಆ ಜೀವ ನಿನ್ನ ಆಫೀಸಿನ ಮೇಜಿನ ಕೆಳಗೆ, ಪ್ರಿಂಟರಿನ ಪಕ್ಕ, ತೂತು ಕೊರೆದ ಪ್ಲಾಸ್ಟಿಕ್ ಡಬ್ಬದಲ್ಲಿ ಮುದುಡಿಕೊಂಡಿತ್ತು. ಇವರು ದಿನಾ ಬಂದು ನೀರಿಟ್ಟು ಹೋಗುತ್ತಿದ್ದರು.

ಸೋಮವಾರ ನಾನು ಮೈಕಿನ ಪಕ್ಕದಲ್ಲೇ ನಿಂತಿದ್ದೆ. ಇವರು ಕೊಕ್ಕೆಯಿಂದ ಹಾವನ್ನು ಹುಲ್ಲಿಗಿಳಿಸಿ ಹೊಂಡದ ಕಡೆಗೆ ತಿರುಗಿಸಿದ್ದರು. ಛಾಯಾಗ್ರಾಹಕ, “ಸರಿಯಾಗಿ ಬರ್ಲಿಲ್ಲ ಸಾರ್, ಇನ್ನೊಂದ್ಸಲ ಎತ್ತಿ” ಎಂದ. ಆಗ ನೀನು, “ಕೊಕ್ಕೆ ಬೇಡ ಭಾವ, ಫೋಟೋದಲ್ಲಿ ಹಿಂಸೆ ಮಾಡೋ ಥರ ಕಾಣ್ಸುತ್ತೆ. ಕೈಯಲ್ಲೇ ಎತ್ತಿ, ನೀವೇನು ಹೊಸಬ್ರಾ?” ಎಂದೆ. ಅತಿಥಿಗಳು ಚಪ್ಪಾಳೆ ತಟ್ಟಿದರು. ಜನರೆದುರು ನಿನ್ನ ಮುಖ ಉಳಿಸಲೆಂದು ಇವರು ಬಗ್ಗಿದರು.

ಕಚ್ಚಿಸಿಕೊಂಡ ಕೈಯನ್ನು ಒತ್ತಿ ಹಿಡಿದುಕೊಂಡೇ, “ಅದನ್ನ ಹೊಡೀಬೇಡ್ರೋ!” ಎಂದು ಕೂಗಿದರು. ಆಂಬುಲೆನ್ಸಿನ ಬಾಗಿಲು ಹಾಕಿದ ಮೇಲೆ ನಿನ್ನ ಕಾವಲುಗಾರರು ‘ವನ್ಯಜೀವಿಗಳು ನಮ್ಮ ಬಂಧುಗಳು’ ಎಂಬ ಬ್ಯಾನರಿನ ಕೋಲನ್ನೇ ಕಿತ್ತು ಹಾವನ್ನು ಜಜ್ಜಿ ಕೊಂದರಂತೆ. ಮಾಲಿ ಅತ್ತುಕೊಂಡು ಹೇಳಿದ.

ನೀನು ನಾಲ್ಕನೇ ತರಗತಿಯಲ್ಲಿದ್ದಾಗ ಶಾಲೆಯ ನೀರಿನ ತೊಟ್ಟಿಯ ನಲ್ಲಿ ಮುರಿದು, ಪಕ್ಕದ ಬೆಂಚಿನವನ ಹೆಸರು ಹೇಳಿದ್ದೆ. ಅವನಿಗೆ ಏಟು ಬಿದ್ದದ್ದು ಗೊತ್ತಾದ ಮೇಲೆ ಅಪ್ಪ ನಿನ್ನ ಕಿವಿ ಹಿಡಿದು ಕರೆದೊಯ್ದರು. ಹೆಡ್‌ಮಾಸ್ತರರ ಕೋಣೆಯಲ್ಲಿ ಗುಟ್ಟಾಗಿ ಹೇಳುತ್ತೇನೆ ಎಂದು ನೀನು ಗೋಗರೆದೆ. “ಅವ್ನಿಗೆ ಏಟು ಬಿದ್ದಿದ್ದು ಎಲ್ರ ಮುಂದೆ, ನೀನೂ ಎಲ್ರ ಮುಂದೇನೇ ಹೇಳು” ಎಂದರು ಅಪ್ಪ. ನೀನು ಮರೆತಿರಬಹುದು. ನಾನು ಮರೆತಿಲ್ಲ.

ಊಟ ಬಿಡಬೇಡ. ಎಲ್ಲಿದ್ದರೂ ಚೆನ್ನಾಗಿರು. ಈ ಹಾರೈಕೆಯನ್ನು ಇವತ್ತು ಹಲ್ಲು ಕಚ್ಚಿಕೊಂಡೇ ಬರೆದಿದ್ದೇನೆ.

ನಿನ್ನ
ಅಕ್ಕ

ಮರೆತಿದ್ದೆ: ಜೀವನವಿಡೀ ಗ್ರಂಥಾಲಯದಲ್ಲಿ ಪತ್ರಿಕೆ ಜೋಡಿಸಿದವಳು ನಾನು, ಚಿತ್ರಗಳನ್ನೂ ಮೂಲೆಬಿಡದೆ ನೋಡುತ್ತೇನೆ. ನಿನ್ನ ಹೇಳಿಕೆಯ ಮೇಲೇ ಅಚ್ಚಾದ ಚಿತ್ರದಲ್ಲಿ ಅತಿಥಿಗಳ ಹಿಂದೆ ನೀನು ಎರಡೂ ಕೈ ಬೆನ್ನಿಗೆ ಕಟ್ಟಿ ನಿಂತಿದ್ದೀಯ, ನಿನ್ನ ಮೊಣಕಾಲಿನ ಪಕ್ಕ ಕೊಕ್ಕೆಯ ತುದಿ ಇಣುಕುತ್ತಿದೆ. ನಿನ್ನ ಭಾವ ದಿನಾ ನನ್ನನ್ನು, “ಹಾವು ಪೊದೆ ಸೇರ್ತಾ?” ಎಂದು ಕೇಳುತ್ತಾರೆ. ನಿಮ್ಮ ಭಾವಮೈದುನನೇ ಬಂದು ಹೇಳುತ್ತಾನೆ ಎಂದಿದ್ದೇನೆ. ಮುಂದಿನ ತಿಂಗಳ ಮೊದಲ ಶುಕ್ರವಾರ ಪುರಸಭೆಯ ಬಹಿರಂಗ ಸಭೆಯಿದೆ. ಅಷ್ಟರಲ್ಲಿ ನಿನ್ನ ತರಬೇತಿ ಮುಗಿದಿರುತ್ತದೆ. ಮನೆಗೆ ಬಂದು ನನ್ನ ಕಾಲು ಹಿಡಿಯುವುದು ಬೇಡ. ನಿನ್ನ ಕಾರಿನ ಡಿಕ್ಕಿಯಲ್ಲಿದೆ ಎಂದು ಮಾಲಿ ಹೇಳಿದ ಆ ಕೊಕ್ಕೆಯನ್ನು ತೆಗೆದುಕೊಂಡು ಸಭೆಗೆ ಬಾ. ಹಾವನ್ನು ಡಬ್ಬದಲ್ಲಿ ಇರಿಸಿದವರು ಯಾರು, ಕೊಂದವರು ಯಾರು, ಆ ಹೊತ್ತಿನಲ್ಲಿ ಕೊಕ್ಕೆ ಯಾರ ಕೈಯಲ್ಲಿತ್ತು? ಎಲ್ಲರ ಮುಂದೆ ಹೇಳು.