ಉಳಿದ ಕಾಲಿನ ಅಳತೆ

ಮಾರ್ಚ್ 4, ಸೋಮವಾರ. ಮಧ್ಯಾಹ್ನ

ಬೆಳಗ್ಗೆಯಿಂದ ಮೂರು ಕೃತಕ ಕಾಲಿನ ಫಿಟ್ಟಿಂಗ್. ಗಿರಣಿಯ ಕೆಲಸಗಾರ, ಲಾರಿ ಡ್ರೈವರ್, ಸಕ್ಕರೆ ಕಾಯಿಲೆಯ ಮುದುಕಿ. ಮುದುಕಿಗೆ ಬಿಗಿಯಾಗಿದೆ. ಮೊಂಡುಗಾಲಿನ ತುದಿ ಕೆಂಪಗಾಗಿತ್ತು. ಅತ್ತಳು. ಬಡಗಿ ಅಜ್ಜ ತಮ್ಮ ಮರದ ಕಾಲನ್ನು ಬೆರಳಿನಿಂದ ತಟ್ಟಿ ತೋರಿಸಿ, "ನೋಡಮ್ಮ, ನಲವತ್ತು ವರ್ಷ ಆಯ್ತು, ಈ ಕಾಲು ಒಂದು ದಿನಾನೂ ನೋವು ಅಂದಿಲ್ಲ. ನೋವೆಲ್ಲ ಇನ್ನೊಂದರದ್ದೇ" ಅಂದರು. ನಕ್ಕಳು. ನದಿಯ ಆಚೆ ದಡದವರ ಜೊತೆಗಿನ ಹೋದ ಯುದ್ಧದಲ್ಲಿ ಹೋದ ಕಾಲು ಅದು. ನಾನು ಹುಟ್ಟಿದ್ದು ಆ ಯುದ್ಧ ಮುಗಿದ ವರ್ಷ.

ಆಚೆ ದಡದ ಮರದ ಸಾಹುಕಾರರು ಬಂದಿದ್ದರು. ಪಾದ ಕೆತ್ತಲು ಹಗುರ ಮರ — ಅವರ ಕಡೆಯ ಕಾಡಿನಲ್ಲಿ ಮಾತ್ರ ಸಿಗುವುದು. ಯುದ್ಧ ಮುಗಿದಾಗಿನಿಂದ ಎರಡೂ ದಡದ ಮಧ್ಯೆ ಸೇತುವೆ ಕಾಯುವ ಬೂದು ಕೋಟಿನವರು ಕಡಿಮೆಯಾಗಿದ್ದಾರಂತೆ. ಎಂಟು ಜನ ನಿಲ್ಲುತ್ತಿದ್ದ ಕಡೆ ಈಗ ಇಬ್ಬರು. ಅವರ ದೊಡ್ಡ ದೇಶದಲ್ಲೇ ಗಲಾಟೆಯಂತೆ, ಸೈನ್ಯವನ್ನೆಲ್ಲ ವಾಪಸ್ ಕರೆಸುತ್ತಿದ್ದಾರಂತೆ.

"ಹೋಗ್ಲಿ ಬಿಡಿ ಸಾಹುಕಾರ್ರೇ. ನಮ್ಮ ಸೇತುವೆ, ನಾವು ನಾವೇ ನೋಡ್ಕೋತೀವಿ" ಅಂದರು ಅಜ್ಜ.

ಸಾಹುಕಾರರು ಚಹಾ ಆರಿಸುತ್ತಾ ಕೂತಿದ್ದರು. "ಮಧ್ಯ ನಿಂತೋನು ಹೋದ್ರೆ ನಾವು ಎದುರಾಬದುರಾ ಆಗ್ತೀವಲ್ಲ ಅಜ್ಜಾ."

ಮಾರ್ಚ್ 19. ಸಂಜೆ

ಬೂದು ಕೋಟಿನವರು ಹೋದರು. ಬ್ಯಾಂಡ್ ಬಾರಿಸಿದರು. ಜನ ಕೈ ಬೀಸಿದರು. ಮೂವತ್ತೆಂಟು ವರ್ಷ ಇದ್ದವರು ನಲವತ್ತು ನಿಮಿಷದಲ್ಲಿ ಖಾಲಿ.

ನನ್ನ ತಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದನಂತೆ. ಭೂಗೋಳದ ಮೇಷ್ಟ್ರು, ಒಂಬತ್ತು ವರ್ಷದಿಂದ ಟೆಂಪರರಿ. "ಇನ್ಮೇಲೆ ನಾವು ಸ್ವಂತ ಕಾಲ ಮೇಲೆ ನಿಲ್ಬೇಕು ಅಕ್ಕಾ" ಅಂದ. ನನ್ನ ಮುಂದೆ ಹೇಳುತ್ತಾನೆ, ಕಾಲು ಮಾಡುವವಳ ಮುಂದೆ! ಇಬ್ಬರೂ ನಕ್ಕೆವು.

ನವೆಂಬರ್ 11

ಸೇತುವೆಯ ಈ ತುದಿಗೆ ನಮ್ಮವರ ಚೌಕಿ. ಆ ತುದಿಗೆ ಅವರದ್ದು. ದಾಟಲು ಪಾಸು. ಮರದ ಲಾರಿ ಎಂಟು ದಿನ ಮಳೆಯಲ್ಲಿ ನಿಂತಿತ್ತು. ಅರ್ಧ ಹಲಗೆ ಸೊಟ್ಟ. ಅಜ್ಜ ಬೈದರು. ಯಾರನ್ನು ಬೈಯಬೇಕೋ ಗೊತ್ತಾಗದೆ ಮಳೆಯನ್ನೇ ಬೈದರು.

ಜನವರಿ 16. ಹೊಸ ಡೈರಿ

ಬಂದರಿಗೆ ಸಮುದ್ರದಾಚೆಯ ದೇಶದ ಹಡಗಿನವರು ಬಂದಿದ್ದಾರೆ. ನಮ್ಮ ಸರ್ಕಾರ ಬಂದರನ್ನು ಅವರಿಗೆ ಬಿಟ್ಟುಕೊಟ್ಟಿದೆ, ಅವರು ನಮಗೆ ತೋಪು ಕೊಟ್ಟಿದ್ದಾರೆ. ಅದು ಗೊತ್ತಾದ ವಾರದಲ್ಲೇ ಆಚೆ ದಡದವರು ಗುಡ್ಡದಾಚೆಯ ದೊರೆಗಳ ಜೊತೆ ಕೈ ಕುಲುಕಿದ ಫೋಟೋ ಪೇಪರಿನಲ್ಲಿ. ಅವರಿಗೂ ತೋಪು. ನಮ್ಮದಕ್ಕಿಂತ ಉದ್ದದ್ದಂತೆ.

ನಮ್ಮ ವರ್ಕ್‌ಶಾಪಿಗೂ ಹಡಗಿನವರ ಕಾಣಿಕೆ. ಆರು ಪೆಟ್ಟಿಗೆ ಪ್ಲಾಸ್ಟಿಕ್ ಪಾದ. ಎಲ್ಲ ಒಂದೇ ಗುಲಾಬಿ ಬಣ್ಣ. ಅಜ್ಜ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. "ಈ ಬಣ್ಣದ ಕಾಲಿನವರು ನಮ್ಮೂರಲ್ಲಿ ಯಾರಿದಾರೆ ಮೇಡಂ?"

ಜೂನ್ 8

ಸಾಹುಕಾರರು ಬಂದಿದ್ದರು. ಪಾಸು ಸಿಗಲು ಮೂರು ತಿಂಗಳಾಯಿತಂತೆ. ತಂದದ್ದು ಗಂಟು ಗಂಟು ಮರ. ಅಜ್ಜ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದರು.

"ಒಳ್ಳೇದೆಲ್ಲ ನಮ್ಮ ಸರ್ಕಾರದವರು ಎತ್ಕೊಂಡ್ರು."

"ಮನೆ ಕಟ್ಟೋ ಮರ ಅಲ್ವಲ್ಲ ಇದು. ಅವರಿಗೇನಕ್ಕೆ?" ಅಂದೆ.

"ನಿಮ್ಮಂಥದ್ದೇ ಒಂದು ವರ್ಕ್‌ಶಾಪು ನಮ್ಮಲ್ಲೂ ಇದೆಯಲ್ಲಮ್ಮ."

ಅಷ್ಟೇ ಹೇಳಿ ಚಹಾ ಬೇಡ ಅಂದು ಎದ್ದರು. ಬಾಗಿಲ ಹತ್ತಿರ ಹಿಡಿದುಕೊಂಡ ಅಜ್ಜನ ಕೈಯನ್ನು ಬೇಗ ಬಿಡಲಿಲ್ಲ. ವಯಸ್ಸಾಯಿತು, ಪಾಪ, ಅಂದುಕೊಂಡೆ.

ಸೆಪ್ಟೆಂಬರ್ 23. ಮಾರನೇ ವರ್ಷ. ಬೆಳಗ್ಗೆ 11

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ರಕ್ಷಣಾ ಸಚಿವಾಲಯದಿಂದ ಮೇಜರ್ ಡಾಕ್ಟರ್ ಬಂದಿದ್ದರು. ಸಣ್ಣ ದನಿಯ ಮನುಷ್ಯ, ಕನ್ನಡಕ ಒರೆಸುತ್ತಲೇ ಇರುತ್ತಾರೆ. ಆರ್ಡರ್ ಹಾಳೆ ಮುಂದಿಟ್ಟರು. ನಾಲ್ಕು ಸಾವಿರ ಪಾದ. ಎರಡು ಸಾವಿರ ಮಂಡಿ ಕೀಲು. ಹದಿನೆಂಟು ತಿಂಗಳೊಳಗೆ ಗೋದಾಮಿನಲ್ಲಿರಬೇಕು.

ನಾವು ವರ್ಷಕ್ಕೆ ಮಾಡುವುದು ನೂರೈವತ್ತು.

"ಸರ್, ಇಷ್ಟು ಜನ ಎಲ್ಲಿದಾರೆ?" ಅಂದೆ. ಬಾಯಿ ತಪ್ಪಿ ಬಂತು.

ಇನ್ನೊಂದು ಹಾಳೆ ತೆಗೆದರು. ಪಾದದ ಸೈಜುಗಳು. ಸೈನ್ಯದ ಬೂಟಿನ ರಿಜಿಸ್ಟರಿನಿಂದ ತೆಗೆದದ್ದು. ಎಂಟನೇ ನಂಬರ್ ಎಲ್ಲಕ್ಕಿಂತ ಹೆಚ್ಚು.

ಅಂದರೆ ಆ ಕಾಲುಗಳು ಈಗ ನಡೆದಾಡುತ್ತಿವೆ. ಬೆಳಗ್ಗೆ ಎದ್ದು ಬಸ್ಸು ಹತ್ತುತ್ತಿವೆ.

ಯಾರಿಗೂ ಹೇಳುವುದಿಲ್ಲ ಅಂತ ಸಹಿ ಹಾಕಿಸಿಕೊಂಡರು. ಅವರು ಹೋದ ಮೇಲೆ ಸಾಹುಕಾರರ ಮಾತು ತಲೆಗೆ ಹೊಕ್ಕಿತು. ನಾವು ಒಂದು ವರ್ಷ ತಡ. ಆಚೆಯವರು ಆಗಲೇ ಕೆತ್ತಲು ಕೂತಿದ್ದಾರೆ.

ಸೆಪ್ಟೆಂಬರ್ 24

ತಮ್ಮ ಊಟಕ್ಕೆ ಕೂತು ಪೇಪರ್ ಓದಿ ಹೇಳುತ್ತಿದ್ದ. "ಯುದ್ಧ ಗಿದ್ಧ ಏನೂ ಆಗಲ್ಲ ಅಕ್ಕಾ. ಬಾಯಿ ಜೋರು ಅಷ್ಟೇ. ವ್ಯಾಪಾರ ನಿಂತ್ರೆ ಎರಡೂ ಕಡೆ ಹೊಟ್ಟೆಗಿಲ್ಲ. ನಕ್ಷೆ ನೋಡಿದ್ರೆ ಗೊತ್ತಾಗುತ್ತೆ." ಹೂಂ ಅಂದೆ. ಅವನ ಚಪ್ಪಲಿ ಬಾಗಿಲಲ್ಲಿತ್ತು. ಎಂಟನೇ ನಂಬರ್.

ಫೆಬ್ರವರಿ 13. ಹೊಸ ಡೈರಿ, ತಡವಾಗಿ

ಬರೆಯಲು ಹೊತ್ತಿಲ್ಲ. ಎರಡು ಪಾಳಿ ಕೆಲಸ. ಹೊಸಬರು ಹನ್ನೆರಡು ಜನ. ಇಷ್ಟು ಯಾಕೆ ಅಂತ ಯಾರೂ ಕೇಳುವುದಿಲ್ಲ — ಕೇಳದೇ ಇರುವುದನ್ನು ಎಲ್ಲರೂ ಕಲಿತಿದ್ದಾರೆ. ಅಜ್ಜನಿಗೆ ನಾನು ಹೇಳಿಲ್ಲ, ಅವರಿಗೆ ಗೊತ್ತು. "ಹೋದ ಸಲ ಕಾಲು ಆಮೇಲೆ ಮಾಡಿದ್ರು. ಈ ಸಲ ಮೊದಲೇ. ಬುದ್ಧಿ ಬಂದಿದೆ" ಅಂದರು, ಉಳಿ ಮಸೆಯುತ್ತಾ.

ಸೇತುವೆಯ ಸುಂಕದ ಕಟ್ಟೆ ಸುಟ್ಟುಹೋಯಿತು. ಅವರು ಹಚ್ಚಿದರು ಅಂತ ನಮ್ಮ ರೇಡಿಯೋ. ನಾವು ಹಚ್ಚಿದೆವು ಅಂತ ಅವರದ್ದು. ಹೋದ ಯುದ್ಧ ನಿಲ್ಲಿಸಿದ ಹಳೇ ಒಪ್ಪಂದದ ಅವಧಿ ಹೋದ ತಿಂಗಳು ಮುಗಿದಿದೆ. ಯಾರೂ ಮುಂದುವರಿಸಲಿಲ್ಲ, ಯಾರೂ ಹರಿದೂ ಹಾಕಲಿಲ್ಲ. ಹಾಗೇ ಬಿಟ್ಟರು.

ಏಪ್ರಿಲ್ 9. ಸಂಜೆ 6

ಇವತ್ತು ಬರೆಯಲೇಬೇಕು!

ಸಚಿವಾಲಯದಿಂದ ಕಾಗದ. ಆರ್ಡರ್ ಅರ್ಧಕ್ಕೆ ಇಳಿದಿದೆ. ಪಾದ ಎರಡು ಸಾವಿರ ಸಾಕು. ಎರಡನೇ ಪಾಳಿ ನಿಲ್ಲಿಸಿ. ಮೂರು ಸಲ ಓದಿದೆ. ಒಳಗೆ ಹೋಗಿ ಎರಡನೇ ಪಾಳಿ ಇಲ್ಲ ಅಂದೆ, ಅಷ್ಟೇ. ಲೇತಿನ ಮುಂದೆ ನಿಂತಿದ್ದ ಹೆಂಗಸು ಕೂತುಬಿಟ್ಟಳು. ಯಾರೋ ಶಿಳ್ಳೆ ಹಾಕಿದರು. ಅಜ್ಜ ಮಾತ್ರ ಮುಂದಿದ್ದ ಪಾದವನ್ನು ಕೆತ್ತಿ ಮುಗಿಸಿದರು.

ಮನೆಗೆ ಬಂದವಳೇ ತಮ್ಮನಿಗೆ ಹೇಳಿಬಿಟ್ಟೆ. ಸಹಿ ಹಾಕಿದ್ದು, ನಾಲ್ಕು ಸಾವಿರ, ಈಗ ಎರಡು ಸಾವಿರ — ಎಲ್ಲ. ಏಳು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ.

ಬೆಪ್ಪಾಗಿ ನೋಡಿದ. ಆಮೇಲೆ, "ಅಂದ್ರೆ ಮೇಲಿನೋರಿಗೆ ಗೊತ್ತು, ಯುದ್ಧ ಇಲ್ಲ ಅಂತ. ನಾನು ಹೇಳಿರ್ಲಿಲ್ವಾ?"

"ಹೇಳಿದ್ದೆ ಕಣೋ."

ಇಬ್ಬರೂ ನದಿಯ ತನಕ ನಡೆದು ಬಂದೆವು. ಎಷ್ಟು ದಿನವಾಗಿತ್ತು.

ಏಪ್ರಿಲ್ 27

ತಮ್ಮ ಸೈನ್ಯದ ಸೇವಾದಳಕ್ಕೆ ಹೆಸರು ಕೊಟ್ಟಿದ್ದಾನೆ. ಒಂದು ವರ್ಷ ತರಬೇತಿ ಮುಗಿಸಿದ ಮೇಷ್ಟ್ರುಗಳಿಗೆ ಕೆಲಸ ಪರ್ಮನೆಂಟ್. ಮೂರು ತಿಂಗಳಿಂದ ಸುತ್ತೋಲೆ ಅವನ ಜೇಬಿನಲ್ಲೇ ಇತ್ತಂತೆ, ಧೈರ್ಯ ಇರಲಿಲ್ಲವಂತೆ.

"ಯುದ್ಧಾನೇ ಇಲ್ಲ ಅಂದ್ಮೇಲೆ ಏನು ಭಯ? ಒಂದು ವರ್ಷ ಎಡ-ಬಲ ಎಡ-ಬಲ ಮಾಡ್ಕೊಂಡು ಬರ್ತೀನಿ."

ನನಗೂ ಸಂತೋಷವೇ ಆಯಿತು. ಅಂಗಿಗಳಿಗೆ ಗುಂಡಿ ಹೊಲಿದುಕೊಟ್ಟೆ.

ಮೇ 15. ಮಧ್ಯಾಹ್ನ

ಮೇಜರ್ ಡಾಕ್ಟರ್ ಗೋದಾಮು ನೋಡಲು ಬಂದಿದ್ದರು. ಚಹಾ ಕೊಟ್ಟೆ. "ಅರ್ಧಕ್ಕೆ ಇಳಿಸಿದಿರಲ್ಲ ಸರ್, ಎಲ್ಲರಿಗೂ ಜೀವ ಬಂದ ಹಾಗಾಯ್ತು" ಅಂದೆ. ಅಷ್ಟು ಹೇಳದೆ ಇದ್ದಿದ್ದರೆ.

ಕನ್ನಡಕ ತೆಗೆದರು. ಒರೆಸಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಇದ್ದರು.

"ನೀವು ಏನು ಅಂದ್ಕೊಂಡ್ರಿ ಮೇಡಂ?"

ಹೇಳಿದೆ.

ಎದ್ದು ಬಾಗಿಲು ಮುಂದೆ ಮಾಡಿ ಬಂದರು. "ಗುಡ್ಡದಾಚೆಯವರು ಅವರಿಗೆ ಕೊಟ್ಟಿರೋ ತೋಪು ನಮ್ಮ ಲೆಕ್ಕದಲ್ಲಿ ಇರಲಿಲ್ಲ. ನದಿ ದಡದಿಂದ ಆಸ್ಪತ್ರೆಗೆ ಇರೋದು ಒಂದೇ ರಸ್ತೆ. ಅದು ಮೊದಲನೇ ದಿನಾನೇ ಹೋಗುತ್ತೆ. ಗಾಯ ಆದೋರನ್ನ ಎತ್ಕೊಂಡು ಬರಕ್ಕೆ ಆಗಲ್ಲ." ಕನ್ನಡಕ ಹಾಕಿಕೊಂಡು, "ಕಾಲು ಬೇಕಾಗೋದು ಬದುಕಿ ಬಂದೋರಿಗೆ. ಅವರು ಅರ್ಧ ಆಗಿದಾರೆ. ಅದಕ್ಕೇ ಆರ್ಡರ್ ಅರ್ಧ."

ಚಹಾ ಕುಡಿದು ಮುಗಿಸಿದರು. ಚೆನ್ನಾಗಿದೆ ಅಂದರು.

ಮೇ 16

ಏನು ಬರೆಯಲಿ.

ಮೇ 19

ಅಜ್ಜನಿಗೆ ಹೇಳಿದೆ. "ಅಂದಾಜಿತ್ತು" ಅಂದರು. ಮತ್ತೆ ಯಾಕೆ ಸುಮ್ಮನಿದ್ದಿರಿ ಅಂತ ರೇಗಿದೆ. "ಎಲ್ಲರೂ ಅಷ್ಟು ನಗ್ತಿದ್ರಲ್ಲ ಮೇಡಂ."

ಜೂನ್ 2. ರಾತ್ರಿಯ ಬಸ್ಸಿಗೆ ಕಾಯುತ್ತಾ, ಸಂಜೆ 5

ಕ್ಯಾಂಪಿಗೆ ಹೋಗಿದ್ದೆ. ಬಿಸಿಲಿಗೆ ಕಪ್ಪಾಗಿದ್ದಾನೆ. ತೋಳಿಗೆ ಪಟ್ಟಿ ಬಂದಿದೆ, ಸಣ್ಣ ಅಧಿಕಾರಿ. ತಂತಿ ಬೇಲಿಯ ಪಕ್ಕದ ಬೆಂಚಿನಲ್ಲಿ ಕೂತು ಎಲ್ಲ ಹೇಳಿದೆ. ನಾನು ತಿಳಿದುಕೊಂಡದ್ದು ತಪ್ಪು, ನಿನಗೆ ಹೇಳಿದ್ದೂ ತಪ್ಪು. ಚೀಲದಲ್ಲಿ ಸರ್ಟಿಫಿಕೇಟ್ ಬರೆದುಕೊಂಡೇ ಹೋಗಿದ್ದೆ. ಚಪ್ಪಟೆ ಪಾದ, ಸೈನ್ಯಕ್ಕೆ ಲಾಯಕ್ಕಿಲ್ಲ. ನನ್ನ ಸಹಿ, ಇಲಾಖೆಯ ಸೀಲು. ಇಪ್ಪತ್ತು ವರ್ಷದಲ್ಲಿ ಮೊದಲ ಸುಳ್ಳು ಕಾಗದ.

ಓದಿದ. ಮಡಚಿದ. ನನ್ನ ಚೀಲಕ್ಕೇ ವಾಪಸ್ ಹಾಕಿದ.

"ಆಗಲ್ಲ ಅಕ್ಕಾ."

"ನನ್ನ ಮುಖ ನೋಡು. ಆಮೇಲೆ ಮಾತಾಡು."

"ಅಲ್ಲಿ ನೋಡು." ಮೈದಾನದ ಕಡೆ ತೋರಿಸಿದ. ನಲ್ಲಿಯ ಹತ್ತಿರ ಸಾಲಾಗಿ ಬಟ್ಟೆ ಹಿಂಡುತ್ತಿದ್ದರು, ಒಬ್ಬರ ಮೇಲೊಬ್ಬರು ನೀರು ಎರಚುತ್ತಾ. "ಇಪ್ಪತ್ತೆರಡು ಜನ. ನಾನು ಪಾಠ ಹೇಳಿದ ಹಳೇ ಕ್ಲಾಸು. ಅವರಿಗೂ ಕೆಲಸ ಇಲ್ಲ, ಸೇರೋದಕ್ಕೆ ಭಯ. ಮನೆಮನೆಗೆ ಹೋಗಿ ನಾನೇ ಹೇಳ್ದೆ... ಯುದ್ಧ ಆಗಲ್ಲ, ನನಗೆ ಖಾತ್ರಿ ಕಡೆಯಿಂದ ಗೊತ್ತು ಅಂತ."

ಖಾತ್ರಿ ಕಡೆ ಅಂದರೆ ನಾನು.

"ಅವರಿಗೂ ಬರೆದುಕೊಡ್ತೀನಿ" ಅಂದೆ. ಹುಚ್ಚಿಯ ಹಾಗೆ.

"ಇಪ್ಪತ್ತೆರಡು ಜನಕ್ಕೂ ಚಪ್ಪಟೆ ಪಾದವಾ ಅಕ್ಕಾ?" ನಕ್ಕ. ನಗುವಾಗ ಥೇಟ್ ಅಮ್ಮನೇ. ಆಮೇಲೆ ನನ್ನ ಕೈ ಹಿಡಿದುಕೊಂಡ. ಚಿಕ್ಕವನಿದ್ದಾಗ ರಸ್ತೆ ದಾಟಲು ಹಿಡಿದುಕೊಳ್ಳುತ್ತಿದ್ದ, ಆಮೇಲೆ ಇವತ್ತೇ. "ನೀನು ತಲೆ ಕೆಡಿಸ್ಕೋಬೇಡ. ನೀನು ಹೇಳಿದ್ದು ಒಳ್ಳೇ ಸುದ್ದಿ. ಒಳ್ಳೇ ಸುದ್ದೀನ ಯಾರು ತಾನೇ ಬಾಯಲ್ಲಿ ಇಟ್ಕೋತಾರೆ?"

ಸೀಟಿ ಊದಿದರು. ಓಡಿದ.

ಜುಲೈ 6

ಹಡಗಿನವರು ಬಂದರಿನಿಂದ ತಮ್ಮ ಹೆಂಗಸರು ಮಕ್ಕಳನ್ನು ಕಳಿಸುತ್ತಿದ್ದಾರೆ. ಪೇಪರಿನಲ್ಲಿ ರಜೆಗೆ ಅಂತ ಇದೆ.

ಜುಲೈ 21. ಬೆಳಗ್ಗೆ 7

ಸೇತುವೆ ಒಡೆದರು. ಒಡೆದದ್ದು ನಮ್ಮವರೇ. ಕಿಟಕಿಗಳೆಲ್ಲ ನಡುಗಿದವು. ಅಮ್ಮನ ಫೋಟೋ ಬಿತ್ತು, ಗಾಜು ಒಡೆಯಲಿಲ್ಲ. ಅದಕ್ಕೂ ಸಮಾಧಾನ ಪಟ್ಟುಕೊಂಡೆ, ನೋಡು.

ಜುಲೈ 22

ತೋಪಿನ ಸದ್ದು ನಿಂತಿಲ್ಲ. ಆಸ್ಪತ್ರೆಯಲ್ಲಿ ಮುನ್ನೂರು ಮಂಚ ಹಾಸಿ ಇಟ್ಟಿದ್ದಾರೆ. ನಮಗೂ ವಾರ್ಡಿನಲ್ಲೇ ಇರಲು ಹೇಳಿದ್ದಾರೆ. ಗಾಯ ಮಾಗಿ ಕಾಲು ಹಾಕಲು ತಿಂಗಳುಗಳು ಬೇಕು. ಈಗ ಜೋಡಿ ಕೆತ್ತಲು ಉಳಿದ ಕಾಲಿನ ಅಳತೆ ಮಾತ್ರ ಬರೆದುಕೊಳ್ಳುವುದು.

ಯಾರೂ ಬಂದಿಲ್ಲ.

ಜುಲೈ 23

ಮಂಚಗಳು ಹಾಗೇ ಇವೆ. ರಸ್ತೆ ಹೋಗಿದೆಯಂತೆ. ನರ್ಸುಗಳು ಹಾಸಿದ ಹಾಸಿಗೆಯನ್ನೇ ಕೊಡವಿ ಮತ್ತೆ ಹಾಸುತ್ತಿದ್ದಾರೆ. ಮೇಜರ್ ಡಾಕ್ಟರ್ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದರು.

ಜುಲೈ 24

ಯಾರೂ ಇಲ್ಲ.

ಅಜ್ಜ ಕೆಲಸಕ್ಕೆ ಬರಲಿಲ್ಲ. ಮನೆಗೆ ಹೋಗಿ ನೋಡಿದೆ. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು, ಕಾಲು ಬಿಚ್ಚಿ ಪಕ್ಕಕ್ಕಿಟ್ಟುಕೊಂಡು. "ನನಗಾದ್ರೂ ಒಂದು ಗಾಡಿ ಸಿಕ್ಕಿತ್ತು ಮೇಡಂ" ಅಂದರು.

ಜುಲೈ 25. ಬೆಳಗ್ಗೆ 10

ಒಂದು ಟ್ರಕ್ ಬಂತು. ಒಂದೇ. ಹೊಲದ ಮೇಲೆ ಬಳಸಿಕೊಂಡು ಬಂತಂತೆ. ಒಳಗೆ ಹತ್ತು ಜನ, ಇಳಿಸಿದ್ದು ನಾಲ್ವರನ್ನು.

ಒಬ್ಬನನ್ನು ನನ್ನ ಕಡೆಗೆ ಕಳಿಸಿದ್ದಾರೆ. ಬಲಗಾಲು ಮಂಡಿಯ ಕೆಳಗೆ ಇಲ್ಲ. ಇಪ್ಪತ್ತು ಇಪ್ಪತ್ತೊಂದು ಇರಬಹುದು. ಟೇಪು ಹಿಡಿದು ಬಗ್ಗಿದಾಗ ಕೇಳಿದ, "ನೀವು ಮೇಷ್ಟ್ರ ಅಕ್ಕ ಅಲ್ವಾ? ಕ್ಯಾಂಪಿಗೆ ಬಂದಿದ್ರಲ್ಲ."

ಮೇಷ್ಟ್ರ ಸುದ್ದಿ ಆಮೇಲೆ, ಮೊದಲು ಅಳತೆ ಮುಗಿಯಲಿ, ಅಂದೆ. ಉದ್ದ ತೆಗೆದೆ. ಹಿಮ್ಮಡಿ ತೆಗೆದೆ. ಬೆರಳುಗಳ ಅಗಲ ಎರಡು ಸಲ ತೆಗೆದೆ. ಎಂಟನೇ ನಂಬರ್. ಬಾಯಾರಿಕೆ ಅಂದ, ನೀರು ತಂದುಕೊಟ್ಟೆ. ಅವನು ಕುಡಿಯುವಷ್ಟು ಹೊತ್ತು ಇಲ್ಲಿ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿಧಾನಕ್ಕೆ ಕುಡಿಯುತ್ತಿದ್ದಾನೆ. ಇನ್ನೂ ನಿಧಾನವಾಗಲಿ. ಇನ್ನೊಂದು ಲೋಟ ಬೇಕಾ ಅಂದೆ, ಸಾಕು ಅಂದ. ಲೋಟ ಕೆಳಗಿಟ್ಟ. ನನ್ನ ಕಡೆ ತಿರುಗಿದ.