ದೋಣಿಯವಳ ಬೆನ್ನು

ಫೆಬ್ರವರಿ 3, ಸೋಮವಾರ, ಸಂಜೆ 6.40

ಇವತ್ತು ನಲವತ್ತೊಂದು ಗೌನು. ಆಸ್ಪತ್ರೆಯವು. ಮುಂದೆ ಮುಚ್ಚಿ, ಬೆನ್ನಿಗೆ ಲಾಡಿ ಕಟ್ಟುವಂಥವು. ಹರಿಯುವುದು ಯಾವಾಗಲೂ ಲಾಡಿಯೇ. ಕಿತ್ತು ಬರುತ್ತವೆ, ಹೊಲಿದು ಕಳಿಸುತ್ತೇನೆ, ಮತ್ತೆ ಕಿತ್ತು ಬರುತ್ತವೆ. ಇಪ್ಪತ್ತೆರಡು ವರ್ಷದಿಂದ ಇದೇ ಕತೆ.

ಮನೆಗೆ ಬಂದೆ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಚಹಾ. ಊಟದ ಮೇಜು ಅಂತ ಕೊಂಡದ್ದರ ಮೇಲೆ ಇವತ್ತಿನವರೆಗೆ ಊಟ ಮಾಡಿಲ್ಲ. ಮೆಶಿನ್, ಕತ್ತರಿ, ಕಲರ್ ಪೆನ್ಸಿಲ್, ಅವಳು... ಜಾಗ ಎಲ್ಲಿದೆ?

ಅವಳು ಅಂದರೆ ದೋಣಿಯವಳು. ನನ್ನದೇ ರಾಜಕುಮಾರಿ. ಕಾರ್ಟೂನ್ ಸಿನಿಮಾದ ರಾಜಕುಮಾರಿಯರಿಗೆಲ್ಲ ಹದಿನಾರೋ ಹದಿನೆಂಟೋ. ಇವಳಿಗೆ ನಲವತ್ತಾರು. ಯಾರೂ ಪಟ್ಟ ಕಟ್ಟಲಿಲ್ಲ, ಹಾಗಾಗಿ ಇನ್ನೂ ರಾಜಕುಮಾರಿಯೇ. ರಾಜ್ಯದಲ್ಲಿ ಅರ್ಧ ನೀರು. ದೋಣಿಯ ಮುಂತುದಿಯಲ್ಲಿ ನಿಂತು ಉದ್ದನೆಯ ಬಿದಿರಿನ ಗಳ ಹಾಕಿ ಜನರನ್ನು ದಡದಿಂದ ದಡಕ್ಕೆ ದಾಟಿಸುತ್ತಾಳೆ. ಕಡುನೀಲಿ ಸ್ಯಾಟಿನ್ ಗೌನು, ಮೊಣಕೈವರೆಗೆ ಮಡಚಿದ ತೋಳು, ಅಂಚಿನಲ್ಲಿ ಬೆಳ್ಳಿ ದಾರದ ಅಲೆ.

ಏಪ್ರಿಲ್ 6ಕ್ಕೆ ಪಾತ್ರ ಬರೆದು ವೇಷ ಹೊಲಿಯುವ ಹವ್ಯಾಸಿಗಳ ಕೂಟ. ನಾಲ್ಕು ವರ್ಷ ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಬಂದವಳು, ಈ ಸಲ ಫಾರ್ಮ್ ತುಂಬಿ ಕಳಿಸಿಬಿಟ್ಟೆ. ಕೇಳುವುದು ಎರಡು. ಪಾತ್ರದ ಚಿತ್ರ: ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಮತ್ತೆ ಗೌನು, ಮನುಷ್ಯರ ಮೈಮೇಲೆ. ಗೊಂಬೆಗೆ ತೊಡಿಸಿದ್ದು ನಡೆಯುವುದಿಲ್ಲ.

ಮನುಷ್ಯರು ಅಂದರೆ ನಾನೇ. ಬೇರೆ ಯಾರಿದ್ದಾರೆ.

ಫೆಬ್ರವರಿ 5

ಎದೆ, ಸೊಂಟ, ತೋಳು — ಎಲ್ಲ ಅಳತೆ ಆಯಿತು. ಬೆನ್ನು ಆಗಲಿಲ್ಲ.

ಟೇಪಿನ ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ ತಿರುಗಿ ನೋಡಿದೆ. ಗೋಡೆಗೆ ಒತ್ತಿ ಹಿಡಿದು ನೋಡಿದೆ. ಒಂದೊಂದು ಸಲಕ್ಕೆ ಒಂದೊಂದು ಲೆಕ್ಕ. ಪ್ರಪಂಚದಲ್ಲಿ ಎಲ್ಲ ಕೆಲಸವನ್ನೂ ಒಬ್ಬಳೇ ಮಾಡಲು ಕಲಿತಿದ್ದೇನೆ. ಸಿಲಿಂಡರ್ ಬದಲಿಸುವುದು, ಜ್ವರದಲ್ಲಿ ಗಂಜಿ ಬೇಯಿಸಿಕೊಳ್ಳುವುದು, ಬೀರು ಜರುಗಿಸುವುದು. ಇದೊಂದು ಕೈಗೆ ಹತ್ತುತ್ತಿಲ್ಲ.

ಮೊದಲು ಇದು ತಂಗಿಯ ಕೆಲಸ. ನನಗೆ ಹನ್ನೆರಡು, ಅವಳಿಗೆ ಒಂಬತ್ತು. ಸ್ಟೂಲಿನ ಮೇಲೆ ನಿಂತು, ಟೇಪನ್ನು ಹಲ್ಲಿನಲ್ಲಿ ಕಚ್ಚಿ, "ಅಲ್ಲಾಡ್ಬೇಡ ಕಣೇ ಅಕ್ಕಾ" ಅಂತ ಬೆನ್ನಿಗೆ ಒಂದು ಗುದ್ದು. ಹಳೆಯ ಕರ್ಟನ್‌ನಲ್ಲಿ ಎಷ್ಟು ರಾಜಕುಮಾರಿಯರನ್ನು ಹೊಲಿದೆವೋ ಲೆಕ್ಕವಿಲ್ಲ. ದೋಣಿಯವಳನ್ನು ಮೊದಲು ಗೀಚಿದ್ದೂ ಅವಳೇ, ಗಣಿತದ ನೋಟ್‌ಬುಕ್ಕಿನ ಹಿಂದೆ. ಅವಳಿಗೆ ನೆನಪಿರಲಿಕ್ಕಿಲ್ಲ.

ಭಾನುವಾರ ಫೋನ್ ಮಾಡುತ್ತಾಳಲ್ಲ, ಕೇಳುತ್ತೇನೆ. ಬಸ್ಸಿನಲ್ಲಿ ಎರಡು ಗಂಟೆ ಅಷ್ಟೇ. ಬರುತ್ತಾಳೆ.

ಫೆಬ್ರವರಿ 9, ಭಾನುವಾರ, ಮಧ್ಯಾಹ್ನ 12.15

ಕೇಳಲಿಲ್ಲ. ಅವಳೇ ಮೊದಲು ಶುರು ಮಾಡಿದಳು.

"ಅಕ್ಕಾ, ಒಂದ್ ಮಾತು. ಬೇಜಾರ್ ಮಾಡ್ಕೋಬೇಡ."

ಹೀಗೆ ಶುರುವಾದ ಮಾತು ಎಂದಾದರೂ ಖುಷಿ ಕೊಟ್ಟಿದೆಯೇ?

"ಹೇಳು."

"ಫೋನಲ್ಲಿ ಅದೇನೋ ನೀಲಿ ಗೌನಿನ ಚಿತ್ರ ಹಾಕಿದ್ಯಲ್ಲ, ಅದನ್ನ ತೆಗೆದುಬಿಡೇ. ನಮ್ಮತ್ತೆ ನೋಡಿ, 'ನಿಮ್ಮಕ್ಕ ಇನ್ನೂ ಕಾರ್ಟೂನ್ ನೋಡ್ತಾಳಾ' ಅಂತ ಎಲ್ಲರ ಮುಂದೆ ಕೇಳಿದ್ರು. ನಾನೇನ್ ಹೇಳ್ಲಿ?"

"ಹೂಂ ಅನ್ನು."

"ತಮಾಷೆ ಅಲ್ಲ ಅಕ್ಕಾ. ನಿಂಗ್ ಈಗ ನಲವತ್ತಾರು."

ನನ್ನ ವಯಸ್ಸು ನನಗೆ ಗೊತ್ತಿಲ್ಲವೇ! ಚಿತ್ರ ತೆಗೆದುಬಿಟ್ಟೆ. ಅವಳ ಮಗಳ ಪರೀಕ್ಷೆ, ಗಂಡನ ಸೊಂಟನೋವು, ಎಲ್ಲ ವಿಚಾರಿಸಿದೆ. ಟೇಪು ತೊಡೆಯ ಮೇಲೆಯೇ ಇತ್ತು.

ಫೆಬ್ರವರಿ 10

ಇಪ್ಪತ್ತೊಂಬತ್ತು ಗೌನು. ಯಾರ ಜೊತೆಯೂ ಮಾತಿಲ್ಲ.

ಫೆಬ್ರವರಿ 15, ಶನಿವಾರ

ಮೂಲೆಯ ಟೈಲರ್ ಅಂಗಡಿಗೆ ಹೋಗಿದ್ದೆ. ಬೆನ್ನಿನ ಅಳತೆ ಬೇಕು ಅಂತ ಹೇಳುವುದು, ಮುಗಿಯಿತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ಟೈಲರ್ ಚಿತ್ರ ನೋಡಿದರು. ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು. "ಚೆನ್ನಾಗಿದೆ. ಯಾರಿಗೆ?"

ಬಾಯಿ ತಾನಾಗಿಯೇ ಹೇಳಿತು, "ನಾಟಕಕ್ಕೆ."

"ಓ, ಹಾಗಾದ್ರೆ ಪಾರ್ಟ್ ಮಾಡೋ ಹುಡುಗೀನ ಕರ್ಕೊಂಡ್ ಬನ್ನಿ. ಐದು ನಿಮಿಷದ ಕೆಲಸ."

"ಆಗಲಿ, ಕರ್ಕೊಂಡ್ ಬರ್ತೀನಿ," ಅಂದೆ. ಸುಮ್ಮನೆ ಬರಬಾರದಲ್ಲ, ಒಂದು ಪ್ಯಾಕೆಟ್ ಸೂಜಿ ಕೊಂಡು ಬಂದೆ. ಮನೆಯಲ್ಲಿ ಸೂಜಿಗೇನು ಬರ!

ಫೆಬ್ರವರಿ 16, ಭಾನುವಾರ, ಬೆಳಿಗ್ಗೆ 10

ಎರಡೂ ಕೈ ಹಿಂದಕ್ಕೆ ತಿರುಚಿ, ಟೇಪು ಎಳೆದು, ಅಳತೆ ಸಿಕ್ಕ ಜಾಗವನ್ನು ಉಗುರಲ್ಲಿ ಒತ್ತಿ ಹಿಡಿದೆ. ಹದಿಮೂರೂವರೆ ಇಂಚು. ಮೂರು ಸಲ ತೆಗೆದೆ, ಮೂರು ಸಲವೂ ಅದೇ. ಹಾಗಿದ್ದರೆ ಸರಿಯೇ ಇರಬೇಕು.

ಕತ್ತರಿಸಿದೆ. ಸ್ಯಾಟಿನ್ ಕತ್ತರಿಸುವಾಗ ಒಂಥರಾ ಉಸಿರು ಬಿಟ್ಟ ಸದ್ದು ಬರುತ್ತದೆ. ಇನ್ನು ಹಿಂದೆ ಸರಿಯುವ ಮಾತಿಲ್ಲ.

ಮಾರ್ಚ್ 10, ಸೋಮವಾರ, ಸಂಜೆ 7

ಮೂರು ವಾರ ಏನೂ ಬರೆದಿಲ್ಲ. ಬರೆಯುವ ಹೊತ್ತಿನಲ್ಲೆಲ್ಲ ಹೊಲಿದೆ. ಅಂಚಿನ ಅಲೆ ಮುಗಿಯಿತು. ತೋಳು ಕೂತಿತು. ಬೆನ್ನಿಗೆ ಹತ್ತೊಂಬತ್ತು ಹುಕ್ಕು, ಒಂದೊಂದಾಗಿ ಕೈಯಲ್ಲೇ. ಪಕ್ಕಕ್ಕೆ ಜಿಪ್ ಇಟ್ಟಿದ್ದರೆ ಸುಲಭವಿತ್ತು, ಆದರೆ ರಾಜಕುಮಾರಿಗೆ ಜಿಪ್ಪೇ? ಸಿನಿಮಾದಲ್ಲಂತೂ ಹುಕ್ಕು ಹಾಕುವುದನ್ನು ಯಾರೂ ತೋರಿಸುವುದಿಲ್ಲ. ಒಂದು ಸುತ್ತು ತಿರುಗುತ್ತಾಳೆ, ಗೌನು ಮೈಮೇಲಿರುತ್ತದೆ.

ಖುಷಿಯಾಗಿದ್ದೆ. ಸುಳ್ಳು ಯಾಕೆ ಬರೆಯಲಿ, ತುಂಬ ಖುಷಿಯಾಗಿದ್ದೆ. ಇವತ್ತು ಇಸ್ತ್ರಿಯಮ್ಮ ಅದಕ್ಕೆ ತಣ್ಣೀರು ಎರಚಿದರು.

ಇಸ್ತ್ರಿಯಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ, ನಮ್ಮ ಕೋಣೆಯ ದೊಡ್ಡ ಸ್ಟೀಮ್ ಪ್ರೆಸ್ ನಡೆಸುವವರು. ನನಗಿಂತ ಹತ್ತು ವರ್ಷ ದೊಡ್ಡವರು. ಪ್ರೆಸ್ಸಿನ ಸದ್ದಿಗೆ ಕಿವಿ ಮಂದವಾಗಿ, ಗುಟ್ಟು ಹೇಳಿದರೂ ಮೂರು ಕೋಣೆಗೆ ಕೇಳಿಸುತ್ತದೆ. ಊಟದ ಬಿಡುವಿನಲ್ಲಿ ನಾನು ಕೈ ತೊಳೆದು ಬರುವಷ್ಟರಲ್ಲಿ ನನ್ನ ದೋಣಿಯವಳ ಚಿತ್ರದ ಹಾಳೆ ಅವರ ಕೈಯಲ್ಲಿ.

"ಏ ಸೂಜಿ, ಇವಳ್ಯಾರೇ?"

ನನ್ನನ್ನು ಅವರು ಕರೆಯುವುದೇ ಹಾಗೆ. ಹೇಳಿದೆ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ರಾಜಕುಮಾರಿ, ದೋಣಿ, ಗಳ, ಎಲ್ಲ. ನಗುತ್ತಾರೆ ಅಂತ ಕಾದೆ. ನಗಲಿಲ್ಲ. ಹಾಳೆ ತಿರುವಿ ಹಾಕಿದರು.

"ಮುಂದೆ ಇದೆ, ಪಕ್ಕ ಇದೆ. ಈ ಮೂರನೇ ಮನೆ ಯಾಕೆ ಖಾಲಿ?"

"ಅದು ಬೆನ್ನು. ಆಮೇಲೆ ಬರೀತೀನಿ. ಬೆನ್ನು ಯಾರ್ ನೋಡ್ತಾರೆ ಬಿಡಿ."

"ಯಾರ್ ನೋಡ್ತಾರೆ? ದೋಣೀಲಿ ಮುಂದೆ ನಿಂತು ಗಳ ಹಾಕೋಳು ಅಂತ ನೀನೇ ಹೇಳ್ದಲ್ಲೇ. ಹಿಂದೆ ಕೂತವರಿಗೆಲ್ಲ ಕಾಣೋದು ಅವಳ ಬೆನ್ನೇ ಅಲ್ವಾ?"

ಹಾಳೆ ಕಿತ್ತುಕೊಂಡೆ. "ನಿಮ್ಮ ಕೆಲಸ ನೀವು ನೋಡ್ಕೊಳ್ಳಿ," ಅಂದೆ. ಇಪ್ಪತ್ತೆರಡು ವರ್ಷದಲ್ಲಿ ಯಾರಿಗೂ ಹಾಗೆ ಅಂದಿರಲಿಲ್ಲ. ಅವರು ಹೋಗಿ ಪ್ರೆಸ್ಸಿನ ಮುಂದೆ ನಿಂತರು.

ಮಾರ್ಚ್ 11

ಬೆನ್ನು ಬರೆಯಲು ಕೂತೆ. ಬರಲಿಲ್ಲ. ಮೂವತ್ತನಾಲ್ಕು ವರ್ಷದಿಂದ ಬರೆಯುತ್ತಿರುವವಳ ಬೆನ್ನು ನನಗೆ ಗೊತ್ತಿಲ್ಲ.

ಎರಡು ಕನ್ನಡಿ ಎದುರುಬದುರು ಹಿಡಿದು ನನ್ನದನ್ನೇ ನೋಡಿದೆ. ಬಲಭುಜ ಇಳಿದಿದೆ. ಮೆಶಿನ್ ಮುಂದೆ ಬಗ್ಗಿ ಬಗ್ಗಿ ಕುತ್ತಿಗೆಯ ಬುಡ ಉಬ್ಬಿದೆ. ಯಾರೋ ಬೇರೆ ಹೆಂಗಸಿನದ್ದು ಅನ್ನಿಸಿತು. ಬಸ್ಸಿನಲ್ಲಿ ಮುಂದೆ ಕೂತಿದ್ದರೆ, ಪಾಪ, ಸುಸ್ತಾಗಿದೆ ಅಂದುಕೊಳ್ಳುತ್ತಿದ್ದೆ.

ಮಾರ್ಚ್ 23, ಭಾನುವಾರ, ಮಧ್ಯಾಹ್ನ 3

ಗೌನು ಮುಗಿಯಿತು. ತೊಟ್ಟೆ.

ಕೆಳಗಿನಿಂದ ಏಳು ಹುಕ್ಕು ಹಾಕಿಕೊಂಡೆ. ಎಂಟನೆಯದಕ್ಕೆ ಕೈ ಎಟುಕಲಿಲ್ಲ. ಎಟುಕಿದ್ದರೂ ಏನು ಬಂತು? ಭುಜದ ಹತ್ತಿರ ನಾಲ್ಕು ಬೆರಳು ಅಗಲ ಬಾಯಿ ಬಿಟ್ಟಿದೆ.

ಅರ್ಥವಾಗಲು ಅರ್ಧ ಗಂಟೆ ಬೇಕಾಯಿತು. ಕೈ ಹಿಂದಕ್ಕೆ ಹೋದರೆ ಭುಜದ ಮೂಳೆ ಒಂದಕ್ಕೊಂದು ಹತ್ತಿರ ಬರುತ್ತವೆ, ಬೆನ್ನು ಕುಗ್ಗುತ್ತದೆ. ಕುಗ್ಗಿದ ಬೆನ್ನನ್ನೇ ಅಳೆದು ಕತ್ತರಿಸಿದ್ದೇನೆ. ಒಂದು ಸಲವಲ್ಲ, ಮೂರು ಸಲ ಅಳೆದು! ಅಳತೆ ಕೊಡುವಾಗ ಕೈ ಇಳಿಬಿಟ್ಟು ನಿಲ್ಲಬೇಕು ಅಂತ ನಿನ್ನೆ ಮೊನ್ನೆ ಹೊಲಿಗೆ ಕಲಿತವರಿಗೂ ಗೊತ್ತು. ಆದರೆ ಕೈ ಇಳಿಬಿಟ್ಟರೆ ಟೇಪು ಹಿಡಿಯುವವರು ಯಾರು?

ಒಂದು ತುಂಡು ಸ್ಯಾಟಿನ್ ಉಳಿದಿದೆ. ಬೆನ್ನಿಗೆ ಪಟ್ಟಿ ಸೇರಿಸಬಹುದು. ಎಲ್ಲಿ ಎಷ್ಟಗಲ ಅಂತ ಮೈಮೇಲೆಯೇ ಪಿನ್ ಹಾಕಿ ಗುರುತು ಮಾಡಬೇಕು. ಅದಕ್ಕೂ ಇನ್ನೊಬ್ಬರು ಬೇಕು. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

ಕೂಟದವರಿಗೆ ಮೆಸೇಜ್ ಬರೆದೆ. "ಅನಿವಾರ್ಯ ಕಾರಣದಿಂದ ಭಾಗವಹಿಸಲು ಆಗುತ್ತಿಲ್ಲ." ಮಾರ್ಚ್ 31ರೊಳಗೆ ತಿಳಿಸಬೇಕಂತೆ. ಕಳಿಸಿಲ್ಲ ಇನ್ನೂ.

ಗೌನು ತೊಟ್ಟೇ ಅತ್ತೆ. ಸ್ಯಾಟಿನ್ ಮೇಲೆ ನೀರಿನ ಕಲೆ ಉಳಿಯುತ್ತದೆ ಅಂತ ಬಗ್ಗಿ, ನೆಲಕ್ಕೆ ಬೀಳುವ ಹಾಗೆ ಅತ್ತೆ.

ಮಾರ್ಚ್ 25, ಮಂಗಳವಾರ

ಕಾರಿಡಾರಿನಲ್ಲಿ ಒಬ್ಬ ರೋಗಿ. ವಯಸ್ಸಾದವರು, ಜೊತೆಗೆ ಯಾರೂ ಇಲ್ಲ. ಒಂದು ಕೈಯಲ್ಲಿ ಫೈಲು. ಇನ್ನೊಂದು ಕೈ ಹಿಂದಕ್ಕೆ, ಗೌನಿನ ಎರಡು ಅಂಚನ್ನೂ ಸೇರಿಸಿ ಹಿಡಿದುಕೊಂಡು ಗೋಡೆ ಪಕ್ಕ ಪಕ್ಕ ನಡೆಯುತ್ತಿದ್ದರು. ನಾನು ನೋಡುತ್ತಾ ನಿಂತೆ. ಇಸ್ತ್ರಿಯಮ್ಮ ಪ್ರೆಸ್ ಬಿಟ್ಟು ಹೋದರು. ಏನೂ ಕೇಳಲಿಲ್ಲ. ಲಾಡಿ ಕಟ್ಟಿದರು, ಬೆನ್ನು ಒಮ್ಮೆ ತಟ್ಟಿದರು, ವಾಪಸ್ ಬಂದರು.

ಹದಿನೈದು ದಿನದ ಮೇಲೆ ನನಗೊಂದು ಮಾತು. "ಲಾಡಿಗೆ ಡಬ್ಬಲ್ ಹೊಲಿಗೆ ಹಾಕೇ ಸೂಜಿ. ಜನ ಮಾನ ಕೈಯಲ್ಲಿ ಹಿಡ್ಕೊಂಡ್ ಓಡಾಡ್ತಿದಾರೆ."

ಹೂಂ ಅಂದೆ. ನನ್ನ ಬೆನ್ನಿನ ಅಳತೆಗೂ ಇವರನ್ನೇ ಕೇಳಬಹುದಿತ್ತು; ಕೇಳದೆ ಲಾಡಿಗೆ ಡಬ್ಬಲ್ ಹೊಲಿಗೆ ಹಾಕುತ್ತಾ ಕೂತೆ.

ಮಾರ್ಚ್ 27, ಗುರುವಾರ, ಸಂಜೆ 6.15

ಕೇಳಿದೆ!

ಪ್ರೆಸ್ ಓಡುವಾಗ ಕೇಳಿದರೆ ಬೇರೆಯವರಿಗೆ ಕೇಳಿಸುವುದಿಲ್ಲ ಅಂತ ನನ್ನ ಉಪಾಯ. ಹತ್ತಿರ ಹೋಗಿ, "ನನ್ನ ಬೆನ್ನಿನ ಅಳತೆ ತೆಗೀತೀರಾ?" ಅಂದೆ.

"ಏನು?"

ಇನ್ನೂ ಜೋರಾಗಿ ಹೇಳಿದೆ.

"ಏನಂದೆ?"

ಕಿರುಚಿದೆ. ಸರಿಯಾಗಿ ಆಗಲೇ ಪ್ರೆಸ್ ನಿಲ್ಲಬೇಕೇ! ನನ್ನ ಬೆನ್ನಿನ ವಿಷಯ ಇಡೀ ಕೋಣೆಗೆ ಗೊತ್ತಾಯಿತು. ಬಟ್ಟೆ ಮಡಚುವವರು, ತೊಳೆಯುವವರು, ಎಲ್ಲ ತಿರುಗಿ ನೋಡಿದರು. ಕಿವಿ ಬಿಸಿಯಾಯಿತು. ಆದರೂ ನಿಂತೇ ಇದ್ದೆ. ಗೌನಿನ ಕತೆ ಪೂರ್ತಿ ಹೇಳಿದೆ, ಹದಿಮೂರೂವರೆ ಇಂಚಿನ ಸಮೇತ.

"ಅಷ್ಟಕ್ಕಾ ಮುಖ ಗಂಟು ಹಾಕ್ಕೊಂಡು ಓಡಾಡ್ತಿದ್ದೆ?"

"ಅವತ್ತು ಹಾಗಂದಿದ್ದು... ತಪ್ಪಾಯ್ತು."

"ಯಾವತ್ತು? ನಂಗೇನ್ ಕಿವಿ ಕೇಳಿಸುತ್ತೆ ಅಂದ್ಕೊಂಡ್ಯಾ?" ಕೇಳಿಸಿತ್ತು. ಮುಖದಲ್ಲೇ ಕಾಣುತ್ತಿತ್ತು. "ಭಾನುವಾರ ಹನ್ನೊಂದಕ್ಕೆ ಬರ್ತೀನಿ. ಪಿನ್ ತೆಗೆದಿಟ್ಟಿರು. ಹೊಲಿಯೋಕ್ ಬರಲ್ಲ ನಂಗೆ, ಚುಚ್ಚೋಕ್ ಬರುತ್ತೆ."

ಮಾರ್ಚ್ 30, ಭಾನುವಾರ, ಬೆಳಿಗ್ಗೆ 9

ಮನೆಯಲ್ಲಿ ಇರುವುದು ಒಂದೇ ಚಹಾ ಕಪ್ಪು. ಇನ್ನೊಂದು ಕೊಂಡು ತಂದೆ. ಮೇಜಿನ ಅರ್ಧ ಖಾಲಿ ಮಾಡಿದೆ. ಈ ಮನೆಗೆ ಮೀಟರ್ ನೋಡುವವನನ್ನು ಬಿಟ್ಟು ಯಾರಾದರೂ ಬಂದು ಎಷ್ಟು ವರ್ಷವಾಯಿತು... ಆರು? ಏಳು?

11.10

ಗೌನು ತೊಟ್ಟಿದ್ದೇನೆ. ಏಳು ಹುಕ್ಕು. ಕೂರಲು ಭಯ, ನಿಂತೇ ಬರೆಯುತ್ತಿದ್ದೇನೆ. ಮುಂದೆ ಚಿತ್ರದ ಹಾಳೆ. ಮೂರನೇ ಮನೆ ಇನ್ನೂ ಖಾಲಿ.

11.35

ಬಂದಿಲ್ಲ. ಮರೆತಿರಬಹುದು. ಭಾನುವಾರ, ಅವರಿಗೂ ಮನೆ, ಮೊಮ್ಮಕ್ಕಳು. ಸುಮ್ಮನೆ ಬಾಯಿಮಾತಿಗೆ ಹೇಳಿದ್ದೋ ಏನೋ.

ಫೋನ್. ಹಾರಿಬಿದ್ದೆ. ತಂಗಿ, ಭಾನುವಾರದ ಫೋನ್. ಎತ್ತಲಿಲ್ಲ. ಮೊದಲ ಸಲ.

11.50

ಆ ಮೆಸೇಜ್ ತೆಗೆದು ಓದಿದೆ. ಅನಿವಾರ್ಯ ಕಾರಣದಿಂದ. ಕಳಿಸುವ ಬಟನ್ ಮೇಲೆ ಬೆರಳಿಟ್ಟು...

ಮೆಟ್ಟಿಲ ಮೇಲೆ ಹೆಜ್ಜೆ. ಭಾರದ ಹೆಜ್ಜೆ. ಎರಡನೇ ಮಹಡಿಯಲ್ಲಿ ನಿಂತಿತು. ಅಲ್ಲಿಯವರ ಮನೆಗೇ ಇರಬೇಕು.

ಇಲ್ಲ. ಮತ್ತೆ ಏರುತ್ತಿದೆ. ಮೂರು. ಏದುಸಿರು ಕೇಳಿಸುತ್ತಿದೆ, ಜೊತೆಗೆ ಬೈಗುಳ. "ಲಿಫ್ಟ್ ಇಲ್ಲ ಅಂತ ಹೇಳೋಕ್ ಬಾಯಿರಲಿಲ್ವೇನೇ ನಿಂಗೆ!" ಇಡೀ ಬಿಲ್ಡಿಂಗಿಗೆ ಕೇಳಿಸಿತು.

ಬೆಲ್.

ಎಡಗೈ ತಾನಾಗಿಯೇ ಹಿಂದಕ್ಕೆ ಹೋಗಿ ಗೌನಿನ ಎರಡು ಅಂಚನ್ನೂ ಹಿಡಿದುಕೊಂಡಿದೆ. ಬಿಡಬೇಕು. ಕೈ ಇಳಿಬಿಟ್ಟು ನಿಲ್ಲಬೇಕು, ಇಲ್ಲದಿದ್ದರೆ ಅಳತೆ ಮತ್ತೆ

ಮತ್ತೆ ಬೆಲ್. ಬಂದೆ, ಬಂ